ಸೊಪ್ಪು ಸೋಸಿಟ್ಟರೆ ಮನೆಮಂದಿ ತಿಂತಾರೆ

ಹೋದ ವರ್ಷ ಒಂದು ದಿನ ನಮ್ಮ ಮನೆಯ ತರಕಾರಿ ತೂಗಿದೆ. ಯಜಮಾನರಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿತ್ತು. ಊಟದ ಪಥ್ಯ ಹೇಳುವ ಮೇಡಂ ಹತ್ತಿರ ಹೋಗಿದ್ದೆವು. "ಅಮ್ಮ, ದಿನಕ್ಕೆ ಎಷ್ಟು ತರಕಾರಿ ತಿಂತೀರಿ?" ಅಂತ ಕೇಳಿದರು. "ದಿನಾ ಸಾರು ಪಲ್ಯ ಮಾಡ್ತೀನಲ್ಲ, ಬೇಕಾದಷ್ಟು ತಿಂತೀವಿ" ಅಂದೆ. "ಒಂದ್ಸಲ ತೂಗಿ ನೋಡಿ" ಅಂದರು.

ಮಾರನೇ ದಿನವೇ ತೂಗಿದೆ. ನಾವು ಮನೆಯಲ್ಲಿ ಐದು ಜನ. ಬೆಳಗ್ಗೆ ಉಪ್ಪಿಟ್ಟಿಗೆ ಹಾಕಿದ ಕ್ಯಾರೆಟ್ಟು, ಬೀನ್ಸು, ಮಧ್ಯಾಹ್ನ ಹುಳಿಗೆ ಹಾಕಿದ ಸೀಮೆಬದನೆ, ರಾತ್ರಿ ಪಲ್ಯದ ಬದನೆಕಾಯಿ, ಜೊತೆಗೆ ಎರಡು ಬಾಳೆಹಣ್ಣು. ಎಲ್ಲ ಸೇರಿ 850 ಗ್ರಾಂ ಆಯಿತು. ದೊಡ್ಡವರಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಕಡಿಮೆ ಅಂದರೂ 400 ಗ್ರಾಂ ಹಣ್ಣು ತರಕಾರಿ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಲೂಗಡ್ಡೆ, ಮರಗೆಣಸು ಅದಕ್ಕೆ ಲೆಕ್ಕವಿಲ್ಲ. ಐದು ಜನಕ್ಕೆ ಹತ್ತಿರ ಹತ್ತಿರ ಎರಡು ಕಿಲೋ ಆಯಿತಲ್ಲ! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಲೆಕ್ಕ ಇನ್ನೂ ಜಾಸ್ತಿ: ತರಕಾರಿ, ಸೊಪ್ಪು ಸೇರಿ 400 ಗ್ರಾಂ, ಅದರ ಮೇಲೆ ಹಣ್ಣು 100 ಗ್ರಾಂ. ನಲವತ್ತು ವರ್ಷ ಒಲೆ ಮುಂದೆ ನಿಂತವಳು ನಾನು. ಅರ್ಧದಷ್ಟೂ ಬಡಿಸುತ್ತಿರಲಿಲ್ಲ ಅಂತ ಗೊತ್ತಾದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಯಾಕೆ ಹೀಗಾಯಿತು ಅಂತ ಯೋಚಿಸಿದೆ. ನಮ್ಮ ಮನೆಯಲ್ಲಿ ಸೊಪ್ಪು ಬೇಡ ಅನ್ನುವವರು ಯಾರೂ ಇಲ್ಲ. ನಾನು ಹುಟ್ಟಿದ್ದು ಮಂಡ್ಯ ಕಡೆಯ ಹಳ್ಳಿಯಲ್ಲಿ. ಅಲ್ಲಿ ಸೊಪ್ಪಿಲ್ಲದ ಊಟವೇ ಇರಲಿಲ್ಲ. ಅವ್ವ ಹೊಲದಿಂದ ಬರುವಾಗ ಮಡಿಲಲ್ಲಿ ಅಣ್ಣೆಸೊಪ್ಪು, ಗಣಿಕೆಸೊಪ್ಪು, ಹೊನಗೊನ್ನೆ, ಏನು ಸಿಕ್ಕಿತೋ ಅದನ್ನೆಲ್ಲ ಕಿತ್ತು ತರುತ್ತಿದ್ದರು. ಬೆರಕೆಸೊಪ್ಪಿನ ಸಾರಿಗೆ ಬೇರೆ ರುಚಿ ಬೇಕಾ! ಈಗ ಮೈಸೂರಿನಲ್ಲಿ ಸೊಪ್ಪು ಸಿಗದೆ ಇಲ್ಲ. ತಂದ ಸೊಪ್ಪನ್ನು ಸೋಸಲು ಪುರುಸೊತ್ತಿಲ್ಲ. ಸೊಸೆ ಎಂಟೂವರೆಗೆ ಕೆಲಸಕ್ಕೆ ಹೊರಡಬೇಕು. ಬೆಳಗ್ಗೆ ಆ ಗಡಿಬಿಡಿಯಲ್ಲಿ ಯಾರು ಕೀರೆಸೊಪ್ಪು ಬಿಡಿಸುತ್ತಾರೆ? ಎರಡು ಕ್ಯಾರೆಟ್ಟು ಹೆಚ್ಚಿ ಮುಗಿಸುತ್ತಾರೆ. ತಂದ ಸೊಪ್ಪು ಫ್ರಿಜ್ಜಿನಲ್ಲೇ ಹಳದಿಯಾಗಿ ಕಸಕ್ಕೆ ಹೋಗುತ್ತಿತ್ತು.

ಅದಕ್ಕೇ ಸೋಸುವ ಕೆಲಸವನ್ನು ಬೆಳಗ್ಗೆಯಿಂದ ರಾತ್ರಿಗೆ ತಂದೆ. ಒಬ್ಬರ ತಲೆಯಿಂದ ಇಳಿಸಿ ಎಲ್ಲರಿಗೂ ಹಂಚಿದೆ. ಊಟವಾದ ಮೇಲೆ ಟಿವಿ ಮುಂದೆ ಹೇಗೂ ಕೂತಿರುತ್ತೇವೆ. ಕೈ ಖಾಲಿ ತಾನೇ? ಮಗನ ಮುಂದೆ ಒಂದು ಮೊರ, ಯಜಮಾನರ ಮುಂದೆ ಒಂದು ತಟ್ಟೆ. ಎಂಟು ವರ್ಷದ ಮೊಮ್ಮಗ ನುಗ್ಗೆಸೊಪ್ಪು ಉದುರಿಸುತ್ತಾನೆ. ಕೆಳಗೆ ಕೂರಲು ಮಂಡಿನೋವು ಅನ್ನುವ ಹಿರಿಯರಿದ್ದರೆ ಊಟದ ಮೇಜಿನ ಮೇಲೇ ಹರಡಿಕೊಡಿ. ಕಾಲು ಗಂಟೆಯಲ್ಲಿ ಮೂರು ಕಟ್ಟು ಮುಗಿಯುತ್ತದೆ.

ಸೋಸುವಾಗ ಬೇರು, ಹಳದಿ ಎಲೆ, ಲೋಳೆಯಾದ ಎಲೆ ತೆಗೆಯಿರಿ. ಸಣ್ಣ ತೂತಿದ್ದರೆ ಪರವಾಗಿಲ್ಲ, ಎಲೆ ಮಗುಚಿ ಹಿಂದುಗಡೆ ಹುಳ, ಮೊಟ್ಟೆ ಇದೆಯಾ ನೋಡಿದರೆ ಸಾಕು. ದಂಟನ್ನು ಎಸೆಯಬೇಡಿ. ತುದಿ ಮುರಿದು ಎಳೆದರೆ ನಾರು ತಾನಾಗಿ ಬರುತ್ತದೆ, ಉಳಿದದ್ದು ಸಾರಿಗೆ. ರಾತ್ರಿ ತೊಳೆಯಬೇಡಿ. ಒದ್ದೆ ಸೊಪ್ಪು ಬೇಗ ಕೊಳೆಯುತ್ತದೆ. ಹಳೆ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿಡಿ. ಪೇಪರಿನಲ್ಲಿ ಸುತ್ತುವವರಿದ್ದಾರೆ, ಅದರ ಶಾಯಿ ಸೊಪ್ಪಿಗೆ ಹತ್ತುವುದು ನನಗೆ ಇಷ್ಟವಿಲ್ಲ.

ಬೆಳಗ್ಗೆ ಹೆಚ್ಚುವ ಮುಂಚೆ ತೊಳೆಯಿರಿ, ಹೆಚ್ಚಿದ ಮೇಲೆ ಬೇಡ. ಹೆಚ್ಚಿ ತೊಳೆದರೆ ಸತ್ವ ನೀರಿನ ಜೊತೆ ಹೋಗುತ್ತದೆ. ದೊಡ್ಡ ಬೇಸಿನ್ನಿನ ತುಂಬ ನೀರು ತುಂಬಿಸಿ ಸೊಪ್ಪು ಮುಳುಗಿಸಿ. ಎರಡು ನಿಮಿಷ ಬಿಟ್ಟು ಸೊಪ್ಪನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ತೆಗೆಯಿರಿ. ಪಾತ್ರೆ ಬಗ್ಗಿಸಿ ನೀರು ಚೆಲ್ಲಬೇಡಿ. ತಳಕ್ಕೆ ಕೂತ ಮಣ್ಣು ಮತ್ತೆ ಸೊಪ್ಪಿಗೇ ಅಂಟುತ್ತದೆ. ಹೀಗೆ ಮೂರು ಸಲ. ಮೂರನೇ ಸಲ ತಳದಲ್ಲಿ ಬೆರಳಾಡಿಸಿ, ಮರಳು ಸಿಗದಿದ್ದರೆ ಆಯಿತು. ಮಕ್ಕಳು ಸೊಪ್ಪು ಬೇಡ ಅನ್ನುವುದು ಎಷ್ಟೋ ಸಲ ಬಾಯಿಗೆ ಸಿಕ್ಕ ಒಂದು ಮರಳಿನ ಕಾಳಿನಿಂದ.

ಇನ್ನು ಎಷ್ಟು ತರಬೇಕು? ಐದು ಜನಕ್ಕೆ ಒಂದು ಕಟ್ಟು ತಂದರೆ ಏನೂ ಆಗುವುದಿಲ್ಲ. ಬೆಂದರೆ ಮುಷ್ಟಿಯಷ್ಟಾಗುತ್ತದೆ. ಮೂರು ಕಟ್ಟಾದರೂ ಬೇಕು. ನಾನು ಬೆಳಗ್ಗೆ ಬೇಗ ಎಂ.ಜಿ. ರಸ್ತೆಯ ಮಾರುಕಟ್ಟೆಗೆ ಹೋಗಿಬರುತ್ತೇನೆ. ಆಗ ಸೊಪ್ಪಿನ ಮೇಲೆ ನೀರಿನ ಹನಿ ಇನ್ನೂ ಆರಿರುವುದಿಲ್ಲ.

ಬಸ್ಸಾರು ಮಾಡುವ ಮನೆಯವರು ಪುಣ್ಯವಂತರು ಅನ್ನುತ್ತೇನೆ. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ ಬೇಯಿಸಿ, ಕಟ್ಟು, ಅಂದರೆ ಬೆಂದ ನೀರು, ಬಸಿದು ಇಟ್ಟುಕೊಳ್ಳುತ್ತೇವೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಕಾಯಿ, ಹುಣಸೆಹಣ್ಣಿನ ಜೊತೆ ಒಂದು ಸೌಟು ಬೆಂದ ಸೊಪ್ಪು ಕಾಳನ್ನೂ ರುಬ್ಬಿ ಕಟ್ಟಿಗೆ ಕಲಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ನೀರಿಗೆ ಬಿಟ್ಟ ಸತ್ವ ಚರಂಡಿಗೆ ಹೋಗದೆ ಮುದ್ದೆಯ ಪಕ್ಕಕ್ಕೆ ಬರುತ್ತದೆ. ಒಗ್ಗರಣೆಯ ಎಣ್ಣೆಗೂ ಒಂದು ಕೆಲಸವಿದೆ. ಸೊಪ್ಪಿನಲ್ಲಿ, ಕ್ಯಾರೆಟ್ಟಿನಲ್ಲಿ ಇರುವ ಎ ಜೀವಸತ್ವದ ಅಂಶ ಮೈಗೆ ಹತ್ತಬೇಕಾದರೆ ಚೂರು ಜಿಡ್ಡು ಬೇಕು. ನಿಂಬೆಹಣ್ಣನ್ನು ಮಾತ್ರ ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಅದರ ಸಿ ಜೀವಸತ್ವ ಬಿಸಿಗೆ ಕೆಡುತ್ತದೆ. ಸೊಪ್ಪಿನ, ರಾಗಿಯ ಕಬ್ಬಿಣದಂಶ ಚೆನ್ನಾಗಿ ರಕ್ತಕ್ಕೆ ಸೇರಲು ಅದು ನೆರವಾಗುತ್ತದೆ. ಊಟವಾದ ತಕ್ಷಣ ಕಾಫಿ, ಟೀ ಕುಡಿದರೆ ಆ ಕಬ್ಬಿಣ ಮೈಗೆ ಹಿಡಿಯುವುದು ಕಡಿಮೆಯಾಗುತ್ತದೆ. ಬಸುರಿ ಹೆಣ್ಣುಮಕ್ಕಳಿಗೆ, ದೊಡ್ಡವರಾಗುತ್ತಿರುವ ಹುಡುಗಿಯರಿಗೆ ಇದನ್ನು ಬಿಡದೆ ಹೇಳಿ. ಒಂದು ಗಂಟೆ ಬಿಟ್ಟು ಕುಡಿಯಲಿ.

ಹಣ್ಣಿಗೂ ಇದೇ ಮಾತು. ಬುಟ್ಟಿಯಲ್ಲಿ ಇಟ್ಟ ಪರಂಗಿಹಣ್ಣನ್ನು ಯಾರೂ ಮುಟ್ಟುವುದಿಲ್ಲ. ಹೆಚ್ಚಿ ತಟ್ಟೆಯಲ್ಲಿಟ್ಟರೆ ಐದು ನಿಮಿಷದಲ್ಲಿ ಖಾಲಿ. ಮೊಮ್ಮಗ ಸ್ಕೂಲಿಂದ ಬರುವ ಹೊತ್ತಿಗೆ, ಬೇಕರಿ ತಿಂಡಿ ಕೇಳುವ ಮುಂಚೆ, ಒಂದು ಸೀಬೆಹಣ್ಣು ನಾಲ್ಕು ಹೋಳು ಮಾಡಿ ಉಪ್ಪು ಖಾರ ಸವರಿ ಇಡುತ್ತೇನೆ. ಸೀಬೆಯಲ್ಲಿ ಕಿತ್ತಳೆಗಿಂತ ಎಷ್ಟೋ ಪಟ್ಟು ಜಾಸ್ತಿ ಸಿ ಜೀವಸತ್ವ ಇದೆ, ಬೆಲೆಯೂ ಕಡಿಮೆ. ನಂಜನಗೂಡು ರಸಬಾಳೆ ಸಿಕ್ಕ ದಿನ ನಮ್ಮ ಮನೆಯಲ್ಲಿ ಹಬ್ಬ. ಈಗೀಗ ಅದು ಅಪರೂಪ. ದಿನಕ್ಕೆ ಏಲಕ್ಕಿಬಾಳೆ, ಪಚ್ಚಬಾಳೆಯೇ ಸಾಕು. ಜ್ಯೂಸ್ ಮಾಡಿ ಸೋಸಬೇಡಿ, ನಾರೆಲ್ಲ ಹೋಗುತ್ತದೆ. ಸಕ್ಕರೆ ಕಾಯಿಲೆಯವರು ಹಣ್ಣನ್ನು ಅಗಿದೇ ತಿನ್ನಬೇಕು, ಅದೂ ಡಾಕ್ಟರು ಹೇಳಿದ ಅಳತೆಯಲ್ಲಿ. ಕಿಡ್ನಿ ತೊಂದರೆ ಇರುವವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ನನ್ನ ಮಾತು ಕೇಳಿ ಸೊಪ್ಪು ಹಣ್ಣು ಜಾಸ್ತಿ ಮಾಡಿಕೊಳ್ಳಬೇಡಿ, ಮೊದಲು ಡಾಕ್ಟರನ್ನು ಕೇಳಿ.

ಹೋದ ತಿಂಗಳು ಮತ್ತೆ ತೂಗಿದೆ. ಈ ಸಲ ತಕ್ಕಡಿ ಮುಂದೆ ಸೊಸೆಯೂ ಕೂತಿದ್ದಳು. ಹಣ್ಣು, ಸೊಪ್ಪು, ತರಕಾರಿ ಸೇರಿ ಒಂದು ಕಿಲೋ 700 ಗ್ರಾಂ. "ಇನ್ನು 300 ಬೇಕಲ್ಲ ಅತ್ತೆ" ಅಂದಳು. ಮಾರನೇ ದಿನದಿಂದ ಅವಳ ಡಬ್ಬಿಗೆ ಸೌತೆಕಾಯಿ, ಮೂಲಂಗಿ ಹೆಚ್ಚಿ ಹಾಕುತ್ತಿದ್ದೇನೆ.