ಚರ್ಚಿನ ಮಕ್ಕಳ ಚಿಯರ್ ತಂಡ ನಡೆಸುವುದು ಹೇಗೆ: ಆರು ಸೀಸನ್‌ಗಳಲ್ಲಿ ನಾನು ಕಲಿತದ್ದು

ಅಮೆರಿಕದಲ್ಲಿ ಚರ್ಚಿಗೆ ಹೋಗುವ ಕನ್ನಡದ ಅಮ್ಮಂದಿರಿಗೆ ಒಂದಲ್ಲ ಒಂದು ವರ್ಷ ಈ ಕರೆ ಬರಬಹುದು. ‘ಮಕ್ಕಳ ಬ್ಯಾಸ್ಕೆಟ್‌ಬಾಲ್ ಲೀಗ್ ಶುರು ಮಾಡ್ತಿದ್ದೀವಿ, ಚಿಯರ್ ತಂಡವೂ ಬೇಕು, ನೀವು ನೋಡ್ಕೊಳ್ತೀರಾ?’ ನನ್ನನ್ನು ಕೇಳಿದಾಗ ಚಿಯರ್‌ಲೀಡಿಂಗ್ ಅಂದರೆ ಟಿವಿಯಲ್ಲಿ ಕ್ರಿಕೆಟ್ ಮಧ್ಯೆ ಕಾಣುವ ಕುಣಿತ ಅಷ್ಟೇ ಗೊತ್ತಿತ್ತು. ಇದು ಬೇರೆಯೇ ಲೋಕ. ಆಟ ನಡೆಯುವಾಗ ಅಂಚಿನಲ್ಲಿ ನಿಂತು, ಘೋಷಣೆ ಕೂಗಿ ಆಟಗಾರರನ್ನು ಹುರಿದುಂಬಿಸುವ ಮಕ್ಕಳ ತಂಡ. ಐದರಿಂದ ಹನ್ನೊಂದು ವರ್ಷದ ಮಕ್ಕಳು, ಚರ್ಚಿನದೇ ಜಿಮ್ (ಒಳಾಂಗಣ ಆಟದ ಅಂಕಣ), ವಾರಕ್ಕೆ ಒಂದು ಗಂಟೆ ಪ್ರಾಕ್ಟೀಸ್, ಶನಿವಾರ ಒಂದು ಆಟ. ಆಯ್ಕೆ ಪರೀಕ್ಷೆ ಇಲ್ಲ. ಹೆಸರು ಕೊಟ್ಟ ಪ್ರತಿ ಮಗುವೂ ತಂಡದಲ್ಲಿ ಇರುತ್ತದೆ.

ಅಪ್‌ವರ್ಡ್ ಸ್ಪೋರ್ಟ್ಸ್ ಎಂಬ ಹೆಸರನ್ನು ನೀವು ಕೇಳಿರಬಹುದು. ಸೌತ್ ಕೆರೊಲಿನಾದ ಸ್ಪಾರ್ಟನ್‌ಬರ್ಗ್‌ನಲ್ಲಿ ಹುಟ್ಟಿದ, ಚರ್ಚುಗಳ ಮೂಲಕ ಮಕ್ಕಳ ಕ್ರೀಡಾ ಲೀಗ್ ನಡೆಸುವ ಸಂಸ್ಥೆ ಅದು. ಅಂಥವರ ಜೊತೆ ಸೇರಿದರೆ ನಡೆಸುವ ಕ್ರಮವೆಲ್ಲ ಸಿದ್ಧವಾಗಿ ಸಿಗುತ್ತದೆ. ನಮ್ಮ ಸಭೆಯವರು ಸ್ವಂತವಾಗಿಯೇ ಮಾಡಿದೆವು. ಹೇಗೆ ಮಾಡಿದರೂ ಕೋಚ್ ಆದವರ ಕೆಲಸ ಹೆಚ್ಚುಕಮ್ಮಿ ಒಂದೇ.

ಮಕ್ಕಳಿಗಿಂತ ಮೊದಲು ದೊಡ್ಡವರ ವಿಷಯ ಮುಗಿಸಿ. ಸಹಾಯಕ್ಕೆ ಬರುವ ಪ್ರತಿಯೊಬ್ಬರಿಗೂ ಬ್ಯಾಕ್‌ಗ್ರೌಂಡ್ ಚೆಕ್ ಆಗಲೇಬೇಕು. ಪಾಸ್ಟರ್ ಅಮ್ಮನಾದರೂ ಸರಿ, ಇಪ್ಪತ್ತು ವರ್ಷದಿಂದ ಸಂಡೇ ಸ್ಕೂಲ್ ನಡೆಸಿದವರಾದರೂ ಸರಿ. ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಒಂಟಿಯಾಗಿ ಇರುವ ಹಾಗಿಲ್ಲ. ಬಾತ್‌ರೂಮಿಗೆ ಹೋಗುವಾಗಲೂ, ಕೊನೆಯ ಮಗುವಿನ ಅಪ್ಪ ತಡವಾಗಿ ಬಂದಾಗಲೂ. ಮಗುವಿಗೆ ಏನೋ ಕೆಟ್ಟದ್ದು ಆಗುತ್ತಿದೆ ಎಂಬ ಅನುಮಾನ ಬಂದರೆ ಅದೇ ದಿನ ಪೊಲೀಸರಿಗೋ ರಾಜ್ಯದ ಮಕ್ಕಳ ರಕ್ಷಣಾ ಇಲಾಖೆಗೋ ತಿಳಿಸಿ. ‘ಮೊದಲು ಹಿರಿಯರು ಕೂತು ಮಾತಾಡೋಣ, ಚರ್ಚಿನ ಹೆಸರು ಹಾಳಾಗೋದು ಬೇಡ’ ಎಂಬ ಮಾತಿಗೆ ಒಪ್ಪಲೇಬೇಡಿ. ನಂಬಿಕೆಯ ಹೆಸರಿನಲ್ಲಿ ಮಕ್ಕಳನ್ನು ಕರೆದ ಮೇಲೆ ಅವರ ಕ್ಷೇಮಕ್ಕಿಂತ ದೊಡ್ಡ ಹೆಸರು ಯಾವುದಿದೆ?

ತಲೆಗೆ ಪೆಟ್ಟು ಬಿದ್ದಾಗ ಏನು ಮಾಡಬೇಕು ಎಂಬುದನ್ನೂ ಕಲಿತುಕೊಳ್ಳಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಾದ ಸಿಡಿಸಿಯವರ ‘ಹೆಡ್ಸ್ ಅಪ್’ ತರಬೇತಿ ಆನ್‌ಲೈನಿನಲ್ಲಿ ಉಚಿತವಾಗಿದೆ. ನಾವು ಅಂಕಣದ ಅಂಚಿನಲ್ಲಿ ನಿಲ್ಲುವವರು, ತಪ್ಪಿ ಬಂದ ಚೆಂಡು ನೇರ ಮುಖಕ್ಕೇ ಬರುತ್ತದೆ. ಪೆಟ್ಟು ಬಿದ್ದ ಮಗು ‘ನಾನು ಚೆನ್ನಾಗಿದ್ದೀನಿ ಕೋಚ್’ ಅಂದರೂ ತಲೆಸುತ್ತು, ವಾಂತಿ, ಮಂಕು ಏನೇ ಕಂಡರೂ ಆ ದಿನ ಕೂರಿಸಿ. ಡಾಕ್ಟರ್ ಸರಿ ಅಂದ ಮೇಲಷ್ಟೇ ಮತ್ತೆ ಬರಲಿ.

ಇನ್ನು ಸ್ಟಂಟ್. ನಾವು ಯಾರನ್ನೂ ಮೇಲೆತ್ತುವುದಿಲ್ಲ. ತೊಡೆಯ ಮೇಲೆ ನಿಲ್ಲಿಸುವ ಸಣ್ಣ ಸ್ಟಂಟೂ ಬೇಡ, ಪಲ್ಟಿಯೂ ಬೇಡ. ಪ್ರತಿ ವರ್ಷ ಒಬ್ಬರಾದರೂ ಪೋಷಕರು ‘ಯಾವಾಗ ಲಿಫ್ಟ್ ಕಲಿಸ್ತೀರಿ?’ ಅಂತ ಕೇಳುತ್ತಾರೆ. ಚಿಯರ್‌ಲೀಡಿಂಗ್‌ನಲ್ಲಿ ಆಗುವ ದೊಡ್ಡ ಗಾಯಗಳು ಬಹುಪಾಲು ಎತ್ತುವಾಗ, ಬೀಳುವಾಗಲೇ ಆಗುವುದು. ಅದಕ್ಕೆ ಮ್ಯಾಟ್ ಬೇಕು, ತರಬೇತಿ ಪಡೆದ ಕೋಚ್ ಬೇಕು, ವಾರಕ್ಕೆ ಒಂದು ಗಂಟೆ ಸಾಲುವುದಿಲ್ಲ. ಮರದ ನೆಲದ ಮೇಲೆ ಏಳು ವರ್ಷದ ಮಗುವನ್ನು ಎತ್ತಲು ನಾನು ತಯಾರಿಲ್ಲ ಅಂತ ಮೊದಲ ದಿನವೇ ಹೇಳಿಬಿಡುತ್ತೇನೆ.

ಹಾಗಾದರೆ ಕಲಿಸುವುದೇನು? ಕೈ, ದನಿ, ನೆಗೆತ. ಇಷ್ಟರಲ್ಲೇ ಬೇಕಾದಷ್ಟಿದೆ.

ಕೈಯಿಂದ ಶುರು ಮಾಡಿ, ಪಾಂಪಾಮ್ (ಕೈಯಲ್ಲಿ ಹಿಡಿದು ಅಲ್ಲಾಡಿಸುವ ಬಣ್ಣದ ಕುಚ್ಚು) ಇಲ್ಲದೆ. ಪಾಂಪಾಮ್ ಹಿಡಿದರೆ ಮುಷ್ಟಿಯ ತಪ್ಪು ಕಾಣುವುದಿಲ್ಲ. ಹೆಬ್ಬೆರಳು ಮುಷ್ಟಿಯ ಹೊರಗೆ, ಉಳಿದ ಬೆರಳುಗಳ ಮೇಲೆ ಇರಬೇಕು. ಮಣಿಕಟ್ಟು ಬಾಗಬಾರದು, ಮೊಣಕೈಯಿಂದ ಮುಷ್ಟಿಯವರೆಗೆ ಒಂದೇ ಗೆರೆ. ‘ಹೈ ವಿ’ ಅಂದರೆ ಎರಡೂ ಕೈಯನ್ನು ಇಂಗ್ಲಿಷಿನ V ಆಕಾರದಲ್ಲಿ ಮೇಲೆತ್ತುವುದು. ಅದನ್ನು ಮಾಡುವಾಗ ಕೈಗಳು ಕಿವಿಯ ಹಿಂದೆ ಹೋಗುತ್ತವೆ, ಎಲ್ಲ ಮಕ್ಕಳೂ ಮಾಡುವ ತಪ್ಪು ಇದು. ನಾನು ಹೇಳುವುದಿಷ್ಟೆ: ‘ತಲೆ ಅಲ್ಲಾಡಿಸದೆ, ಕಣ್ಣಂಚಿನಲ್ಲಿ ನಿನ್ನ ಎರಡೂ ಮುಷ್ಟಿ ಕಾಣ್ತಿದೆಯಾ?’ ಕಂಡರೆ ಕೈ ಸರಿಯಾದ ಜಾಗದಲ್ಲಿದೆ. ಹೈ ವಿ, ಅದನ್ನೇ ಕೆಳಮುಖವಾಗಿ ಮಾಡುವ ಲೋ ವಿ, ಕೈಗಳನ್ನು ಪಕ್ಕಕ್ಕೆ ನೇರ ಚಾಚುವ ಟಿ, ಅದರಲ್ಲೇ ಮೊಣಕೈ ಮಡಿಸುವ ಅರ್ಧ ಟಿ, ಎರಡೂ ಕೈ ನೇರ ಮೇಲೆತ್ತುವ ಟಚ್‌ಡೌನ್, ಸೊಂಟದ ಮೇಲೆ ಕೈ. ಮೊದಲ ಮೂರು ವಾರಕ್ಕೆ ಈ ಆರು ಸಾಕು.

ಎಡ ಬಲ ಎಂಬ ಮಾತನ್ನು ನಾನು ಬಿಟ್ಟೇಬಿಟ್ಟೆ. ಐದು ವರ್ಷದ ಮಕ್ಕಳಿಗೆ ಅದು ಗೊಂದಲ, ಅವರ ಎದುರು ನಿಂತ ನಮಗೂ ಗೊಂದಲ. ನಮ್ಮ ಜಿಮ್‌ನಲ್ಲಿ ಒಂದು ಕಡೆ ಕಿಟಕಿ, ಇನ್ನೊಂದು ಕಡೆ ನೀರಿನ ನಲ್ಲಿ. ‘ಕಿಟಕಿ ಕೈ ಮೇಲೆ, ನಲ್ಲಿ ಕೈ ಸೊಂಟಕ್ಕೆ’ ಅಂದರೆ ಹದಿನಾಲ್ಕು ಮಕ್ಕಳೂ ಒಟ್ಟಿಗೆ ತಿರುಗುತ್ತಾರೆ. ನಾನು ಕನ್ನಡಿಯ ಹಾಗೆ ಎದುರು ನಿಂತು ಅದೇ ಕಡೆಯ ಕೈ ಎತ್ತುತ್ತೇನೆ. ಎಲ್ಲವೂ ಎಂಟರ ಎಣಿಕೆಯಲ್ಲಿ. ಐದು, ಆರು, ಏಳು, ಎಂಟು ಅಂತ ಎಣಿಸಿ, ಒಂದಕ್ಕೆ ಶುರು.

ದನಿಯ ವಿಷಯ ಹೇಳಲೇಬೇಕು. ಮಕ್ಕಳು ಕಿರುಚುತ್ತಾರೆ, ಭಾನುವಾರ ಬೆಳಗ್ಗೆ ಹಾಡುವಾಗ ಗಂಟಲು ಕಟ್ಟಿರುತ್ತದೆ. ಹೊಟ್ಟೆಯ ಮೇಲೆ ಕೈ ಇಟ್ಟು ‘ಹಾ, ಹಾ, ಹಾ’ ಅನ್ನಿಸಿ. ಹೊಟ್ಟೆ ಅಲುಗಿದರೆ ದನಿ ಸರಿಯಾದ ಕಡೆಯಿಂದ ಬರುತ್ತಿದೆ. ಸಣ್ಣ ಕೀರಲು ದನಿ ಬೇಡ, ಸ್ವಲ್ಪ ದಪ್ಪ ದನಿ ಬೇಕು. ಪದಗಳ ನಡುವೆ ತಡೆದು ಹೇಳಿದರೆ ಜಿಮ್‌ನ ಆ ತುದಿಗೂ ಕೇಳಿಸುತ್ತದೆ.

ಜಿಗಿತದಲ್ಲಿ ನಾನು ನೋಡುವುದು ಇಳಿಯುವ ರೀತಿಯನ್ನು. ಮಂಡಿ ಬಗ್ಗಿಸಿ, ಎರಡೂ ಪಾದ ಒಟ್ಟಿಗೆ, ಮುಂಗಾಲಿನ ಮೇಲೆ, ಸದ್ದಿಲ್ಲದೆ. ‘ಬೆಕ್ಕಿನ ಹಾಗೆ ಇಳಿಯಿರಿ’ ಅಂದರೆ ಸಾಕು, ಮಕ್ಕಳಿಗೆ ಅದೇ ಒಂದು ಆಟ. ಸ್ವಲ್ಪ ದೊಡ್ಡವರಿಗೆ ಹರ್ಕಿ ಕಲಿಸಬಹುದು. ಒಂದು ಕಾಲು ಪಕ್ಕಕ್ಕೆ ನೀಟಾಗಿ ಚಾಚಿ, ಇನ್ನೊಂದನ್ನು ಮಡಿಸುವುದು. ಲಾರೆನ್ಸ್ ಹರ್ಕಿಮರ್ ಎಂಬವರ ಹೆಸರು ಅದಕ್ಕೆ. 1948ರಲ್ಲಿ ಟೆಕ್ಸಸ್‌ನಲ್ಲಿ ಚಿಯರ್ ಕ್ಯಾಂಪ್ ಶುರು ಮಾಡಿದ್ದು ಅವರೇ.

ಘೋಷಣೆಗಳಲ್ಲಿ ಎರಡು ಬಗೆ. ಆಟ ನಡೆಯುವಾಗ ಅಂಚಿನಲ್ಲಿ ನಿಂತು ಮತ್ತೆ ಮತ್ತೆ ಹೇಳುವ ಚಿಕ್ಕದ್ದು ಚಾಂಟ್. ಟೈಮ್‌ಔಟ್‌ನಲ್ಲಿ ಅಥವಾ ಅರ್ಧ ಆಟದ ಬಿಡುವಿನಲ್ಲಿ ಹೇಳುವ ಉದ್ದದ್ದು ಚಿಯರ್. ಒಂದು ಸೀಸನ್‌ಗೆ ಆರು ಚಾಂಟ್, ಒಂದು ಚಿಯರ್ ಸಾಕು. ಜಾಸ್ತಿ ಕಲಿಸಿದರೆ ಯಾವುದೂ ಗಟ್ಟಿಯಾಗುವುದಿಲ್ಲ. ಮಕ್ಕಳಿಗೆ ಆಟವನ್ನೂ ಸ್ವಲ್ಪ ಹೇಳಿಕೊಡಿ. ಚೆಂಡು ನಮ್ಮವರ ಕೈಯಲ್ಲಿದ್ದಾಗ ‘ಡಿಫೆನ್ಸ್’ (ಎದುರಾಳಿಯನ್ನು ತಡೆಯಿರಿ) ಅಂತ ಕೂಗಬಾರದಲ್ವಾ? ನಮ್ಮ ಮೊದಲ ಆಟದಲ್ಲಿ ಮಕ್ಕಳು ಪೂರಾ ಹಾಗೇ ಕೂಗಿದರು. ಆಮೇಲೆ ಒಂದು ಪ್ರಾಕ್ಟೀಸ್ ಪೂರ್ತಿ ಕೂತು ಬ್ಯಾಸ್ಕೆಟ್‌ಬಾಲ್ ನೋಡಿದೆವು.

ಒಮ್ಮೆ ಹುಡುಗಿಯರು ‘ಕೋಚ್, ನಿಮ್ಮ ಭಾಷೆಯಲ್ಲಿ ಒಂದು ಹೇಳಿಕೊಡಿ’ ಅಂದರು. ‘ಭಲೇ ಭಲೇ’ ಅಂತ ಕಲಿಸಿದೆ. ಎರಡು ಸಲ ಭಲೇ, ಮೂರು ಚಪ್ಪಾಳೆ. ಅದು ತಂಡದಲ್ಲೇ ಉಳಿದುಬಿಟ್ಟಿತು, ಈಗ ಹೊಸ ಮಕ್ಕಳಿಗೆ ಹಳೆಯ ಮಕ್ಕಳೇ ಕಲಿಸುತ್ತಾರೆ.

ನಮ್ಮಲ್ಲಿ ಬದಲಾಗದ ನಿಯಮಗಳು ಕೆಲವಿವೆ. ಎದುರು ತಂಡವನ್ನು ಹೀಯಾಳಿಸುವ ಒಂದು ಪದವೂ ಇಲ್ಲ. ಎದುರು ತಂಡದ ಮಗು ಫ್ರೀ ಥ್ರೋ ಎಸೆಯುವಾಗ ನಾವು ಸುಮ್ನಿರುತ್ತೇವೆ. ಯಾವ ತಂಡದ ಮಗುವೇ ಬಿದ್ದರೂ ಒಂದು ಮಂಡಿ ಊರಿ ಕೂರುತ್ತೇವೆ, ಎದ್ದು ನಿಂತಾಗ ಚಪ್ಪಾಳೆ. ನಮ್ಮ ಹುಡುಗ ಚೆಂಡು ಬಿಟ್ಟಾಗ ಮೊದಲು ಕೇಳಬೇಕಾದ್ದು ಅವನ ಹೆಸರು, ಅದೂ ಜೋರಾಗಿ. ಅದಕ್ಕೇ ಆಟಗಾರರ ಹೆಸರುಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿ. ಬೆಂಚಿನ ಮೇಲೆ ಕೂತ ಮಗುವಿನ ಹೆಸರೂ ಅದರಲ್ಲಿರಲಿ.

ಪ್ರಾಕ್ಟೀಸಿನ ಮಧ್ಯೆ ಎಂಟು ನಿಮಿಷ ಬೈಬಲ್ ವಾಕ್ಯ ಧ್ಯಾನ. ಹತ್ತಾದರೆ ಮಕ್ಕಳು ಶೂ ದಾರ ಬಿಚ್ಚಲು ಶುರು ಮಾಡುತ್ತಾರೆ. ಮೈಗೂ ಕೈಗೂ ತಾಗುವ ಕಥೆ ಆರಿಸಿಕೊಳ್ಳಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವಿಮೋಚನಕಾಂಡ 17. ಅಮಾಲೇಕ್ಯರ ಜೊತೆ ಯುದ್ಧ, ಇಸ್ರಾಯೇಲ್ಯರ ನಾಯಕ ಮೋಶೆ ಗುಡ್ಡದ ಮೇಲೆ. ಅವನು ಕೈ ಎತ್ತಿದರೆ ಇಸ್ರಾಯೇಲ್ಯರಿಗೆ ಜಯ, ಇಳಿಸಿದರೆ ಅಮಾಲೇಕ್ಯರಿಗೆ. ಕೈ ಸೋತಾಗ ಆರೋನ ಒಂದು ಕಡೆ, ಹೂರ ಒಂದು ಕಡೆ ಹಿಡಿದು ಸೂರ್ಯ ಮುಳುಗುವವರೆಗೂ ನಿಂತರು.

ಕಥೆ ಹೇಳುವ ಮೊದಲೇ ‘ಎಲ್ಲರೂ ಹೈ ವಿ, ಇಳಿಸಬೇಡಿ’ ಅನ್ನುತ್ತೇನೆ. ಮೊದಲ ನಿಮಿಷ ನಗು. ಎರಡನೇ ನಿಮಿಷಕ್ಕೆ ಭುಜ ನಡುಗುತ್ತದೆ. ಯಾರಿಗೆ ಸಾಕಾಯಿತೋ ಅವರು ಇಳಿಸಲಿ ಅಂತ ಹೇಳಿರುತ್ತೇನೆ. ಒಂದು ವರ್ಷ ಎಲ್ಲರೂ ಇಳಿಸಿದರು, ಒಬ್ಬಳು ಮಾತ್ರ ಬಿಡಲಿಲ್ಲ. ಆ ವರ್ಷವೇ ಹೊಸದಾಗಿ ಬಂದವಳು, ಯಾರ ಜೊತೆಯೂ ಮಾತಿಲ್ಲ. ತುಟಿ ಕಚ್ಚಿಕೊಂಡು ನಿಂತಿದ್ದಳು, ಕೈ ಗಡಗಡ. ನಾನು ಬಾಯಿ ತೆರೆಯುವ ಮೊದಲೇ ಇಬ್ಬರು ಹುಡುಗಿಯರು ಎದ್ದು ಹೋಗಿ ಅವಳ ಮೊಣಕೈ ಕೆಳಗೆ ತಮ್ಮ ಅಂಗೈ ಇಟ್ಟರು. ಒಬ್ಬಳು ಕುಳ್ಳಿ, ತುದಿಗಾಲಲ್ಲಿ ನಿಂತಿದ್ದಳು. ನಾನು ಆಮೇಲೆ ಬೈಬಲ್ ತೆರೆದು ಓದಿದೆ ಅಷ್ಟೇ, ವಿವರಿಸುವ ಅಗತ್ಯ ಬೀಳಲಿಲ್ಲ. ಬೈಬಲಿನಲ್ಲಿ ಬರುವ ಬಾರ್ನಬನ ಕಥೆಯೂ ಚೆನ್ನಾಗಿ ಹೊಂದುತ್ತದೆ. ಅವನ ನಿಜ ಹೆಸರು ಯೋಸೇಫ. ಧೈರ್ಯ ತುಂಬುವವನು ಅಂತ ಅಪೊಸ್ತಲರೇ ಅವನಿಗೆ ಆ ಹೆಸರು ಇಟ್ಟರು.

ನಮ್ಮ ತಂಡಕ್ಕೆ ಬರುವ ಎಲ್ಲ ಮನೆಯವರೂ ಚರ್ಚಿನವರಲ್ಲ. ಹಿಂದೂ ಮನೆಯ ಮಕ್ಕಳು ಬಂದಿದ್ದಾರೆ, ಯಾವ ಧರ್ಮವನ್ನೂ ಪಾಲಿಸದ ಮನೆಯವರೂ ಬಂದಿದ್ದಾರೆ. ಇಲ್ಲಿ ಪ್ರಾರ್ಥನೆ ಇರುತ್ತದೆ, ಬೈಬಲ್ ಓದುತ್ತೇವೆ ಅಂತ ಫಾರಂನಲ್ಲೇ ಬರೆಯಿರಿ. ಬಾಯಲ್ಲೂ ಹೇಳಿ. ಯಾವ ಮಗುವನ್ನೂ ಜೋರಾಗಿ ಪ್ರಾರ್ಥಿಸು ಅಂತ ಒತ್ತಾಯಿಸಬೇಡಿ. ಆರು ವರ್ಷದ ಮಗುವಿಗೆ ಎಲ್ಲರೆದುರು ‘ಯೇಸುವನ್ನು ಒಪ್ಪಿಕೊಂಡವರು ಕೈ ಎತ್ತಿ’ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಗೆಳತಿ ಎತ್ತಿದಳು ಅಂತ ಇವಳೂ ಎತ್ತುತ್ತಾಳೆ. ನನ್ನ ನಂಬಿಕೆ ನನಗೆ ಪ್ರಾಣ. ಅದಕ್ಕೇ ಅದನ್ನು ಒತ್ತಡದಿಂದ ಕೊಡಲು ಮನಸ್ಸು ಬರುವುದಿಲ್ಲ.

ಹುಡುಗರು ಬಂದರೆ ಸೇರಿಸಿಕೊಳ್ಳಿ. ಏಳು ವರ್ಷದ ಒಬ್ಬ ಹುಡುಗ ಆಸೆಪಟ್ಟು ಬಂದ, ಅವನ ತಾತನಿಗೆ ಇಷ್ಟವಿರಲಿಲ್ಲ. ಚಿಯರ್‌ಲೀಡಿಂಗ್ ಶುರುವಾದದ್ದೇ ಗಂಡಸರಿಂದ ಅಂತ ಅವರ ಪಕ್ಕ ಕೂತು ಹೇಳಿದೆ. 1898ರ ನವೆಂಬರ್ 2ರಂದು ಮಿನೆಸೋಟ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಜನರ ಮುಂದೆ ನಿಂತು ಕೂಗಿಸಿದ. ಹೆಣ್ಣುಮಕ್ಕಳು ಬಂದದ್ದು 1920ರ ದಶಕದಲ್ಲಿ. ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ ಕೂಡ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಚಿಯರ್‌ಲೀಡರ್ ಆಗಿದ್ದವರು. ತಾತ ಏನೂ ಹೇಳಲಿಲ್ಲ. ಮುಂದಿನ ಶನಿವಾರ ಮೊದಲ ಸಾಲಿನಲ್ಲಿ ಕೂತಿದ್ದರು.

ಬಟ್ಟೆಯಲ್ಲಿ ಎಚ್ಚರ ಬೇಕು. ಉದ್ದ ತೋಳಿನ ಒಳ ಅಂಗಿ, ಸ್ಕರ್ಟ್ ಕೆಳಗೆ ಲೆಗ್ಗಿಂಗ್ಸ್, ಸಾಧಾರಣ ಸ್ಪೋರ್ಟ್ಸ್ ಶೂ. ಕೂದಲು ಕಟ್ಟಿರಬೇಕು, ಓಲೆ, ಬಳೆ, ಚ್ಯೂಯಿಂಗ್ ಗಮ್ ಇರಬಾರದು. ಅಳತೆ ತೆಗೆಯುವ ದಿನ ಒಬ್ಬೊಬ್ಬರನ್ನೇ, ಅಮ್ಮನ ಜೊತೆ ಕರೆಯಿರಿ. ನಮ್ಮ ಎರಡನೇ ಸೀಸನ್‌ನಲ್ಲಿ ಒಂಬತ್ತು ವರ್ಷದ ಹುಡುಗಿಯ ಸೈಜ್ ಅನ್ನು ಸಾಲಿನಲ್ಲಿ ಎಲ್ಲರಿಗೂ ಕೇಳುವಂತೆ ಓದಿಬಿಟ್ಟರು. ಓದಿದವರ ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಮುಂದಿನ ವಾರ ಆ ಮಗು ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಅಂದಿನಿಂದ ಅಳತೆಯನ್ನು ಚೀಟಿಯಲ್ಲಿ ಬರೆದು ಮಡಚುತ್ತೇವೆ, ಬಾಯಲ್ಲಿ ಹೇಳುವುದಿಲ್ಲ. ಶುಲ್ಕ ಕಟ್ಟಲು ಆಗದ ಮನೆಯವರ ವಿಷಯವೂ ಹೀಗೇ, ಒಬ್ಬರಿಗೆ ಮಾತ್ರ ಗೊತ್ತಿರಲಿ. ಹಳೆಯ ಯೂನಿಫಾರ್ಮ್‌ಗಳನ್ನು ಒಗೆದು ಇಟ್ಟರೆ ಎಷ್ಟೋ ಮನೆಗೆ ಉಪಕಾರ.

ಮುಂದಿನ ಸಾಲಿನಲ್ಲಿ ನಿಲ್ಲುವವರು ಪ್ರತಿ ಆಟದಲ್ಲೂ ಬದಲಾಗಲಿ. ಚೆನ್ನಾಗಿ ಮಾಡುವವಳನ್ನೇ ನಡುವೆ ನಿಲ್ಲಿಸುವ ಆಸೆ ಆಗುತ್ತದೆ, ತಡೆದುಕೊಳ್ಳಿ. ಆಟ ಮುಗಿದ ಮೇಲೆ ವೃತ್ತದಲ್ಲಿ ಕೂತು ಪ್ರತಿಯೊಬ್ಬರೂ ಪಕ್ಕದವರ ಬಗ್ಗೆ ಇವತ್ತು ಕಂಡ ಒಂದು ಒಳ್ಳೆಯದನ್ನು ಹೇಳಬೇಕು. ‘ಚೆನ್ನಾಗಿ ಮಾಡಿದಳು’ ಅಂದರೆ ನಾನು ಬಿಡುವುದಿಲ್ಲ, ಏನು ಅಂತ ಕೇಳುತ್ತೇನೆ. ‘ನನ್ನ ಪಾಂಪಾಮ್ ಬಿದ್ದಾಗ ಅವಳು ಕಾಲಿಂದ ಇತ್ತ ತಳ್ಳಿದಳು’ ಎಂಬಂಥ ಮಾತು ಬರುತ್ತದೆ.

ಪೋಷಕರನ್ನು ಬಾಗಿಲಲ್ಲೇ ನಿಲ್ಲಿಸಬೇಡಿ. ಒಬ್ಬರಿಗೆ ನೀರು, ಒಬ್ಬರಿಗೆ ಜಡೆ ಹಾಕುವುದು, ಒಬ್ಬರಿಗೆ ಹಾಜರಿ ಪುಸ್ತಕ ಅಂತ ಕೊಡಿ. ಹೀಗೆ ಜಡೆ ಹಾಕುತ್ತಾ ಪರಿಚಯವಾದ ಅಮ್ಮಂದಿರೇ, ತಂಡದ ಒಬ್ಬ ತಾಯಿಗೆ ಆಪರೇಷನ್ ಆದಾಗ ಸರದಿ ಮೇಲೆ ಮೂರು ವಾರ ಅಡುಗೆ ಮಾಡಿ ಕಳಿಸಿದರು. ನಾನು ಯಾರಿಗೂ ಹೇಳಿರಲಿಲ್ಲ.

ಸೀಸನ್ ಮುಗಿದ ಮೇಲೆ ಕೆಲಸ ಸ್ವಲ್ಪ ಉಳಿದಿರುತ್ತದೆ. ಮಕ್ಕಳ ಆರೋಗ್ಯದ ಫಾರಂಗಳನ್ನು ಎಲ್ಲೆಂದರಲ್ಲಿ ಬಿಡದೆ ಚರ್ಚ್ ಆಫೀಸಿಗೆ ಒಪ್ಪಿಸಿ. ಪಾಂಪಾಮ್ ಒದರಿ, ಒಣಗಿಸಿ, ಡಬ್ಬದಲ್ಲಿಡಿ. ಹನ್ನೆರಡು ತುಂಬಿ ತಂಡ ಬಿಡುವ ಹುಡುಗಿಯರಿಗೆ ಒಂದೊಂದು ಕಾರ್ಡ್ ಬರೆಯಿರಿ, ಮುಂದಿನ ವರ್ಷ ಸಹಾಯಕ್ಕೆ ಬಾ ಅಂತ. ಆರೋನ ಹೂರರ ಹಾಗೆ ಕೈ ಹಿಡಿದಿದ್ದ ಆ ಕುಳ್ಳಿಗೆ ಈ ಮಾರ್ಚ್‌ನಲ್ಲಿ ನಾನು ಅಂಥದ್ದೊಂದು ಕಾರ್ಡ್ ಕೊಟ್ಟೆ. ಈಗ ಅವಳು ನನಗಿಂತ ಎತ್ತರ.