ನ್ಯೂಕ್ಲಿಯರ್ ಕ್ರಿಯೆಯ ಶಕ್ತಿಯನ್ನು ತಪ್ಪಿಲ್ಲದೆ ಲೆಕ್ಕ ಹಾಕುವುದು ಹೇಗೆ?

ಪಿಯುಸಿ ಎರಡನೇ ವರ್ಷದ ಭೌತಶಾಸ್ತ್ರದಲ್ಲಿ ನ್ಯೂಕ್ಲಿಯಸ್ ಕುರಿತ ಅಧ್ಯಾಯ ಚಿಕ್ಕದು. ಸೂತ್ರಗಳು ಬೆರಳೆಣಿಕೆಯಷ್ಟಿವೆ, ಲೆಕ್ಕಗಳಲ್ಲಿ ಬರುವುದು ಕೂಡುವುದು, ಕಳೆಯುವುದು ಮತ್ತು ಕೊನೆಗೊಂದು ಗುಣಾಕಾರ ಮಾತ್ರ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ವಿಜ್ಞಾನ ಓದಲು ವಿಜಯಪುರಕ್ಕೆ ಬರುವ ಮಕ್ಕಳಿಗೆ ಪಾಠ ಹೇಳುತ್ತ ಬಂದಿರುವ ನನಗೆ, ಕಠಿಣ ಸಮಾಕಲನಗಳನ್ನು ಸಲೀಸಾಗಿ ಬಿಡಿಸುವ ಜಾಣರೂ ಈ ಅಧ್ಯಾಯದಲ್ಲಿ ಎಡವುವುದು ಪ್ರತಿವರ್ಷ ಕಾಣುತ್ತದೆ. ಅವರಲ್ಲಿ ಹೆಚ್ಚಿನವರು ಎಡವುವ ಜಾಗ ಒಂದೇ: ಎಲೆಕ್ಟ್ರಾನುಗಳ ಎಣಿಕೆ. ಹಾಗಾಗಿ ಈ ಲೇಖನದ ದೊಡ್ಡ ಪಾಲು ಆ ಒಂದು ಹಂತಕ್ಕೇ ಮೀಸಲು. ಉಳಿದವು ಸುಲಭವಾಗಿ ಸಾಗುತ್ತವೆ.

ಕ್ರಿಯೆಗೆ ಮುಂಚೆ ಇದ್ದ ಒಟ್ಟು ದ್ರವ್ಯರಾಶಿಯಿಂದ ಕ್ರಿಯೆಯ ನಂತರ ಉಳಿದ ಒಟ್ಟು ದ್ರವ್ಯರಾಶಿಯನ್ನು ಕಳೆದಾಗ ಸಿಗುವ ವ್ಯತ್ಯಾಸವನ್ನು ಶಕ್ತಿಯ ಲೆಕ್ಕದಲ್ಲಿ ಹೇಳಿದರೆ ಅದೇ ಕ್ಯೂ ಮೌಲ್ಯ. ಅದು ಧನವಾಗಿದ್ದರೆ ಅಷ್ಟು ಶಕ್ತಿ ಬಿಡುಗಡೆಯಾಗುತ್ತದೆ, ಋಣವಾಗಿದ್ದರೆ ಹೊರಗಿನಿಂದ ಶಕ್ತಿಯನ್ನು ಒದಗಿಸಬೇಕಾಗುತ್ತದೆ. ಇದಕ್ಕೆ ಬೇಕಾಗುವುದು ಆರು ದಶಮಾಂಶಗಳವರೆಗೆ ಪರಮಾಣು ದ್ರವ್ಯರಾಶಿಗಳನ್ನು ಕೊಡುವ ಒಂದು ಕೋಷ್ಟಕ, ಗೆರೆ ಎಳೆದ ಹಾಳೆ, ಪೆನ್ಸಿಲ್ ಮತ್ತು ನಾಲ್ಕು ಸಂಖ್ಯೆಗಳು. ಹೈಡ್ರೋಜನ್ ಪರಮಾಣು 1.007825 ಯು (ಯು ಎಂದರೆ ಪರಮಾಣು ದ್ರವ್ಯರಾಶಿಯ ಏಕಮಾನ), ನ್ಯೂಟ್ರಾನ್ 1.008665 ಯು, ಎಲೆಕ್ಟ್ರಾನ್ 0.000549 ಯು, ಒಂದು ಯು ದ್ರವ್ಯರಾಶಿಗೆ ಸಮನಾದ ಶಕ್ತಿ 931.5 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಅಂದರೆ 931.5 ಎಂಇವಿ. ಈ ನಾಲ್ಕನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಮೊದಲ ಹಂತದಲ್ಲಿ ಕ್ರಿಯೆಯನ್ನು ಬರೆದು, ದ್ರವ್ಯರಾಶಿ ಸಂಖ್ಯೆ (ಪ್ರೋಟಾನ್ ಮತ್ತು ನ್ಯೂಟ್ರಾನುಗಳ ಒಟ್ಟು ಎಣಿಕೆ) ಮತ್ತು ವಿದ್ಯುದಾವೇಶ ಎರಡೂ ಬದಿಗಳಲ್ಲಿ ಸಮನಾಗಿವೆಯೇ ಎಂದು ನೋಡಬೇಕು. ಬೀಟಾ ಕ್ಷಯವಾಗಿದ್ದರೆ ಲೆಪ್ಟಾನ್ ಸಂಖ್ಯೆಯನ್ನೂ (ಎಲೆಕ್ಟ್ರಾನ್, ನ್ಯೂಟ್ರಿನೊಗಳಂಥ ಹಗುರ ಕಣಗಳ ಲೆಕ್ಕವನ್ನೂ) ಸರಿದೂಗಿಸಬೇಕು: ಎಲೆಕ್ಟ್ರಾನ್ ಹೊರಬಂದರೆ ಅದರ ಜೊತೆಗೆ ಆ್ಯಂಟಿನ್ಯೂಟ್ರಿನೊ, ಪಾಸಿಟ್ರಾನ್ (ಧನ ಆವೇಶದ ಎಲೆಕ್ಟ್ರಾನ್ ಎನ್ನಬಹುದಾದ ಕಣ) ಹೊರಬಂದರೆ ನ್ಯೂಟ್ರಿನೊ. ಎರಡಕ್ಕೂ ನ್ಯೂಟ್ರಿನೊ ಎಂದೇ ಬರೆದುಬಿಡುವ ಅಭ್ಯಾಸವನ್ನು ಈಗಲೇ ಬಿಡುವುದು ಒಳ್ಳೆಯದು.

ಎರಡನೆಯದೇ ಕಷ್ಟದ ಹಂತ. ಕೋಷ್ಟಕಗಳಲ್ಲಿ ಇರುವುದು ಪರಮಾಣುವಿನ ದ್ರವ್ಯರಾಶಿಯೇ ಹೊರತು ನ್ಯೂಕ್ಲಿಯಸ್ಸಿನದಲ್ಲ. ಯುರೇನಿಯಂ-238ರ ಎದುರಿಗೆ 238.050788 ಯು ಎಂದಿದ್ದರೆ ಅದರಲ್ಲಿ ಸುತ್ತಲಿನ 92 ಎಲೆಕ್ಟ್ರಾನುಗಳೂ ಸೇರಿವೆ. ಆದರೆ ಕ್ಷಯಿಸುವುದು ನ್ಯೂಕ್ಲಿಯಸ್. ಈ ಎರಡರ ನಡುವಿನ ವ್ಯತ್ಯಾಸವನ್ನು ಹೇಗೆ ನಿಭಾಯಿಸಬೇಕು ಎಂಬುದಕ್ಕೆ ವಿದ್ಯಾರ್ಥಿಗಳು ಸೂತ್ರ ಹುಡುಕುತ್ತಾರೆ. ಸೂತ್ರದ ಅಗತ್ಯವಿಲ್ಲ, ಎಣಿಸಿದರೆ ಸಾಕು. ಕ್ರಿಯೆಯನ್ನು ಬರೆದ ಸಾಲಿನ ಕೆಳಗೆ, ಪ್ರತಿಯೊಂದು ಸಂಕೇತದ ನೇರಕ್ಕೆ, ಆ ದ್ರವ್ಯರಾಶಿಯೊಳಗೆ ಎಷ್ಟು ಎಲೆಕ್ಟ್ರಾನುಗಳು ಅಡಗಿವೆ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ.

ಯುರೇನಿಯಂ-238 ಆಲ್ಫಾ ಕಣವನ್ನು, ಅಂದರೆ ಹೀಲಿಯಂ ನ್ಯೂಕ್ಲಿಯಸ್ಸನ್ನು, ಹೊರಹಾಕಿ ಥೋರಿಯಂ-234 ಆಗುವ ಕ್ರಿಯೆಯನ್ನು ತೆಗೆದುಕೊಳ್ಳೋಣ. ಯುರೇನಿಯಂ ಕೆಳಗೆ 92, ಥೋರಿಯಂ ಕೆಳಗೆ 90, ಹೀಲಿಯಂ ಪರಮಾಣುವಿನ ಕೆಳಗೆ 2. ಎಡಕ್ಕೆ 92, ಬಲಕ್ಕೂ 92. ಕಳೆಯುವಾಗ ಎಲೆಕ್ಟ್ರಾನುಗಳು ತಾವಾಗಿಯೇ ಹೊಡೆದುಹೋಗುತ್ತವೆ, ಆದ್ದರಿಂದ ಮೂರೂ ಪರಮಾಣು ದ್ರವ್ಯರಾಶಿಗಳನ್ನು ಹಾಗೆಯೇ ಬಳಸಬಹುದು. ಆದರೆ ‘ಹೊರಬರುವುದು ಆಲ್ಫಾ ಕಣ, ಹೀಲಿಯಂ ಪರಮಾಣು ಅಲ್ಲವಲ್ಲ’ ಎಂದು ಯೋಚಿಸುವ ವಿದ್ಯಾರ್ಥಿ 4.002603ರ ಬದಲು ಬರಿಯ ನ್ಯೂಕ್ಲಿಯಸ್ಸಿನ 4.001506 ಯು ಹಾಕುತ್ತಾನೆ. ಅವನ ಯೋಚನೆ ಸರಿಯಾದದ್ದೇ, ಆದರೆ ಉಳಿದ ಎರಡಕ್ಕೂ ಪರಮಾಣು ದ್ರವ್ಯರಾಶಿ ಇಟ್ಟು ಇದೊಂದಕ್ಕೆ ಮಾತ್ರ ನ್ಯೂಕ್ಲಿಯಸ್ಸಿನ ದ್ರವ್ಯರಾಶಿ ಇಟ್ಟಿದ್ದರಿಂದ ಬಲಬದಿಯಲ್ಲಿ ಎರಡು ಎಲೆಕ್ಟ್ರಾನುಗಳು ಕಾಣೆಯಾದವು. ಉತ್ತರ 4.27 ಎಂಇವಿ ಬರಬೇಕಾದಲ್ಲಿ 5.29 ಎಂಇವಿ ಬರುತ್ತದೆ. ಎಲ್ಲಕ್ಕೂ ಪರಮಾಣುವಿನದನ್ನೇ ಬಳಸಿ, ಅಥವಾ ಎಲ್ಲಕ್ಕೂ ನ್ಯೂಕ್ಲಿಯಸ್ಸಿನದನ್ನೇ ಬಳಸಿ, ಎರಡನ್ನೂ ಬೆರೆಸಬೇಡಿ. ನನ್ನನ್ನು ಕೇಳಿದರೆ, ಸದಾ ಪರಮಾಣುವಿನದನ್ನೇ ಬಳಸಬೇಕು.

ಬೀಟಾ ಕ್ಷಯದಲ್ಲಿ ಎಣಿಕೆಗೆ ಇನ್ನಷ್ಟು ಗಮನ ಬೇಕು. ಕಾರ್ಬನ್-14 ಒಂದು ಎಲೆಕ್ಟ್ರಾನನ್ನು ಹೊರಹಾಕಿ ನೈಟ್ರೋಜನ್-14 ಆಗುತ್ತದೆ. ಪರಮಾಣು ದ್ರವ್ಯರಾಶಿಗಳು 14.003242 ಮತ್ತು 14.003074 ಯು, ವ್ಯತ್ಯಾಸ 0.000168 ಯು. ಎಲೆಕ್ಟ್ರಾನ್ ಹೊರಬಂದಿದೆಯಲ್ಲ ಎಂದು ಬಹಳಷ್ಟು ವಿದ್ಯಾರ್ಥಿಗಳು ಇದರಿಂದ ಮತ್ತೆ 0.000549 ಕಳೆಯುತ್ತಾರೆ, ಉತ್ತರ ಋಣವಾಗುತ್ತದೆ. ಋಣ ಎಂದರೆ ಕಾರ್ಬನ್-14 ಕ್ಷಯಿಸುವುದೇ ಇಲ್ಲ ಎಂದಾಯಿತು. ಅದು ನಿಜವಾಗಿದ್ದರೆ ಉತ್ಖನನದಲ್ಲಿ ಸಿಕ್ಕ ಇದ್ದಿಲಿನ ಕಾಲವನ್ನು ರೇಡಿಯೋಕಾರ್ಬನ್ ವಿಧಾನದಿಂದ ಅಳೆಯಲು ಸಾಧ್ಯವೇ ಇರುತ್ತಿರಲಿಲ್ಲ. ಎಣಿಸಿ ನೋಡಿ. ಕಾರ್ಬನ್ ಪರಮಾಣುವಿನಲ್ಲಿ 6 ಎಲೆಕ್ಟ್ರಾನುಗಳಿದ್ದವು. ಕ್ಷಯದ ನಂತರ ನ್ಯೂಕ್ಲಿಯಸ್ ನೈಟ್ರೋಜನ್ನಿನದಾದರೂ ಅದರ ಸುತ್ತ ಉಳಿದಿರುವುದು ಅದೇ 6. ಹೊರಬಂದ ಬೀಟಾ ಕಣ ಏಳನೆಯದು. ನೈಟ್ರೋಜನ್ ಪರಮಾಣುವಿನ ದ್ರವ್ಯರಾಶಿಯಲ್ಲಿ 7 ಎಲೆಕ್ಟ್ರಾನುಗಳು ಮೊದಲೇ ಸೇರಿರುವುದರಿಂದ ಬೀಟಾ ಕಣದ ಲೆಕ್ಕ ಅದರೊಳಗೇ ಮುಗಿದಿದೆ. ಏನನ್ನೂ ಕಳೆಯಬೇಕಾಗಿಲ್ಲ, 0.000168 ಯು ಎಂದರೆ 0.156 ಎಂಇವಿ, ಅದೇ ಸರಿಯಾದ ಉತ್ತರ.

ಪಾಸಿಟ್ರಾನ್ ಹೊರಬರುವ ಕ್ಷಯದಲ್ಲಿ ಕಥೆ ತಿರುವುಮುರುವಾಗುತ್ತದೆ. ಕಾರ್ಬನ್-11ರ ಪರಮಾಣು ದ್ರವ್ಯರಾಶಿ 11.011434 ಯು, ಅದು ಕ್ಷಯಿಸಿ ಆಗುವ ಬೋರಾನ್-11ರದು 11.009305 ಯು, ವ್ಯತ್ಯಾಸ 0.002129 ಯು. ಕಾರ್ಬನ್ ಕೆಳಗೆ 6 ಎಂದು ಬರೆದಿರಿ, ಬೋರಾನ್ ಕೆಳಗೆ 5. ಎಡದಲ್ಲಿದ್ದ ಆರನೆಯ ಎಲೆಕ್ಟ್ರಾನ್ ಎಲ್ಲಿ ಹೋಯಿತು? ಅದು ಬಲಬದಿಯಲ್ಲೇ ಇದೆ, ಆದರೆ ಬೋರಾನ್ ಪರಮಾಣುವಿನ ದ್ರವ್ಯರಾಶಿಯಲ್ಲಿ ಸೇರಿಲ್ಲ. ಅದನ್ನು ಬೇರೆಯಾಗಿ ಬರೆಯಬೇಕು. ಅದರ ಜೊತೆಗೆ ಹೊಸದಾಗಿ ಹುಟ್ಟಿದ ಪಾಸಿಟ್ರಾನ್ ಇದೆ, ಅದರ ದ್ರವ್ಯರಾಶಿಯೂ ಎಲೆಕ್ಟ್ರಾನಿನಷ್ಟೇ. ಹೀಗೆ ಬಲಬದಿಗೆ ಎರಡು ಎಲೆಕ್ಟ್ರಾನುಗಳ ದ್ರವ್ಯರಾಶಿ, ಅಂದರೆ 0.001098 ಯು, ಸೇರಬೇಕು. ಉಳಿಯುವುದು 0.001031 ಯು, ಅಂದರೆ 0.960 ಎಂಇವಿ. ಏನನ್ನೂ ಕಳೆಯದವರಿಗೆ 1.98 ಎಂಇವಿ ಬರುತ್ತದೆ. ಪಾಸಿಟ್ರಾನನ್ನು ಮಾತ್ರ ಕಳೆದವರಿಗೆ 1.47 ಬರುತ್ತದೆ. ಉತ್ತರಪತ್ರಿಕೆಯಲ್ಲಿ ಈ ಎರಡು ಸಂಖ್ಯೆಗಳಲ್ಲಿ ಯಾವುದು ಕಂಡರೂ ಆ ವಿದ್ಯಾರ್ಥಿ ಎಲ್ಲಿ ತಪ್ಪಿದ ಎಂಬುದನ್ನು ಉಳಿದ ಸಾಲುಗಳನ್ನು ಓದದೆಯೇ ಹೇಳಬಹುದು.

ಇದೇ ಎಣಿಕೆಯಿಂದ ಇನ್ನೊಂದು ಸಂಗತಿ ತಾನಾಗಿ ಹೊರಬೀಳುತ್ತದೆ, ಅದನ್ನು ಪಠ್ಯದಲ್ಲಿ ಒತ್ತಿ ಹೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ನ್ಯೂಕ್ಲಿಯಸ್ ತನ್ನದೇ ಪರಮಾಣುವಿನ ಒಂದು ಎಲೆಕ್ಟ್ರಾನನ್ನು ಸೆಳೆದುಕೊಂಡರೆ ಎರಡೂ ಬದಿಯ ಎಣಿಕೆ ಹೊಂದುತ್ತದೆ, ಏನನ್ನೂ ಕಳೆಯಬೇಕಿಲ್ಲ. ಆದ್ದರಿಂದ ಎರಡು ಪರಮಾಣುಗಳ ನಡುವಿನ ವ್ಯತ್ಯಾಸ ಎರಡು ಎಲೆಕ್ಟ್ರಾನುಗಳ ದ್ರವ್ಯರಾಶಿಗೆ ಸಮನಾದ 1.022 ಎಂಇವಿಗಿಂತ ಕಡಿಮೆಯಿದ್ದರೆ ಪಾಸಿಟ್ರಾನ್ ಹೊರಬರಲು ಸಾಧ್ಯವೇ ಇಲ್ಲ, ಎಲೆಕ್ಟ್ರಾನ್ ಸೆಳೆತ ಮಾತ್ರ ಸಾಧ್ಯ. ಬೆರಿಲಿಯಂ-7ರ ದ್ರವ್ಯರಾಶಿ 7.016929 ಯು, ಲಿಥಿಯಂ-7ರದು 7.016003 ಯು, ವ್ಯತ್ಯಾಸ 0.86 ಎಂಇವಿ. ಬೆರಿಲಿಯಂ-7 ಎಲೆಕ್ಟ್ರಾನ್ ಸೆಳೆತದಿಂದಲೇ ಕ್ಷಯಿಸುತ್ತದೆ, ಬೇರೆ ದಾರಿ ಅದಕ್ಕಿಲ್ಲ.

ಬಂಧನ ಶಕ್ತಿಯ, ಅಂದರೆ ನ್ಯೂಕ್ಲಿಯಸ್ಸನ್ನು ಬಿಡಿ ಪ್ರೋಟಾನ್, ನ್ಯೂಟ್ರಾನುಗಳಾಗಿ ಒಡೆಯಲು ಬೇಕಾದ ಶಕ್ತಿಯ, ಲೆಕ್ಕಕ್ಕೂ ಇದೇ ನಿಯಮ. ಕಬ್ಬಿಣ-56ಕ್ಕೆ 26 ಪ್ರೋಟಾನುಗಳ ಬದಲು 26 ಹೈಡ್ರೋಜನ್ ಪರಮಾಣುಗಳನ್ನು ತೆಗೆದುಕೊಂಡರೆ ಎಲೆಕ್ಟ್ರಾನುಗಳು ಸರಿಹೋಗುತ್ತವೆ: 26.203450ಕ್ಕೆ 30 ನ್ಯೂಟ್ರಾನುಗಳ 30.259950 ಸೇರಿಸಿ, ಕಬ್ಬಿಣದ 55.934936 ಕಳೆದರೆ 0.528464 ಯು, ಅಂದರೆ 492.3 ಎಂಇವಿ; ಒಂದು ನ್ಯೂಕ್ಲಿಯಾನಿಗೆ (ಪ್ರೋಟಾನ್ ಅಥವಾ ನ್ಯೂಟ್ರಾನಿಗೆ) 8.79 ಎಂಇವಿ. ಪ್ರೋಟಾನಿನ 1.007276 ಬಳಸಿ ಕಬ್ಬಿಣದ ಪರಮಾಣು ದ್ರವ್ಯರಾಶಿಯನ್ನು ಕಳೆದವರಿಗೆ 13.3 ಎಂಇವಿ ಕಡಿಮೆ ಬರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಪುಸ್ತಕದ ಅಂಗಡಿಗಳಲ್ಲಿ ರಾಶಿ ಬೀಳುವ ಕೆಲವು ಗೈಡುಗಳು ಪ್ರಶ್ನೆಯಲ್ಲಿ ಬರಿಯ ‘ದ್ರವ್ಯರಾಶಿ’ ಎಂದು ಅಚ್ಚು ಹಾಕಿ, ಅದು ಪರಮಾಣುವಿನದೋ ನ್ಯೂಕ್ಲಿಯಸ್ಸಿನದೋ ಹೇಳದೆ, ಹಿಂದಿನ ಪುಟದಲ್ಲಿ ಇದೇ ತಪ್ಪು ಉತ್ತರ ಕೊಡುತ್ತವೆ. ಅಂಥ ಗೈಡನ್ನು ಕೊಳ್ಳಬೇಡಿ. ಯಾರಾದರೂ ಕೊಟ್ಟಿದ್ದರೆ ಅದರ ಉತ್ತರಗಳನ್ನು ನಂಬಬೇಡಿ.

ಮೂರನೆಯ ಹಂತ ಕಳೆಯುವುದು. ಇಲ್ಲಿ ಅಂಕಿಗಳನ್ನು ಮೊಟಕುಗೊಳಿಸುವ ಆತುರವೇ ಶತ್ರು. ಯುರೇನಿಯಂ ಕ್ಷಯದಲ್ಲಿ ಕಳೆದುಹೋಗುವ ದ್ರವ್ಯರಾಶಿಯ ಪಾಲು ಎಷ್ಟು ಚಿಕ್ಕದೆಂದರೆ, ಎಪಿಎಂಸಿಯ ವೇಬ್ರಿಜ್ ಮೇಲೆ ನಿಂತ ಹತ್ತು ಟನ್ ತೂಕದ ಒಣದ್ರಾಕ್ಷಿ ಲಾರಿಯಿಂದ ಇನ್ನೂರು ಗ್ರಾಂ ಇಳಿಸಿದಷ್ಟು. ಎರಡೇ ದಶಮಾಂಶಕ್ಕೆ ರೌಂಡ್ ಆಫ್ ಮಾಡಿ 238.05ರಿಂದ 234.04 ಮತ್ತು 4.00 ಕಳೆದರೆ 0.01 ಉಳಿಯುತ್ತದೆ, ಶಕ್ತಿ 9.3 ಎಂಇವಿ ಎಂದಾಗುತ್ತದೆ. ನಿಜವಾದದ್ದರ ಎರಡು ಪಟ್ಟಿಗೂ ಹೆಚ್ಚು. ಆರೂ ದಶಮಾಂಶಗಳನ್ನು ಕೊನೆಯವರೆಗೆ ಉಳಿಸಿಕೊಳ್ಳಬೇಕು. ಅಂಗಡಿಗಳಲ್ಲಿ ಬಳಸುವ ಎಂಟಂಕಿಯ ಅಗ್ಗದ ಕ್ಯಾಲ್ಕುಲೇಟರ್ ಈ ಕೆಲಸಕ್ಕೆ ಆಗುವುದಿಲ್ಲ, ಏಕೆಂದರೆ 238.050788ರಲ್ಲಿ ಒಂಬತ್ತು ಅಂಕಿಗಳಿವೆ. ಕೊನೆಯ 8ನ್ನು ಒತ್ತಿದರೂ ಪರದೆಯ ಮೇಲೆ ಬರುವುದಿಲ್ಲ, ಉತ್ತರ 4.27ರ ಬದಲು 4.26 ಆಗುತ್ತದೆ. ನಾನು ಹೇಳುವ ದಾರಿ ಕ್ಯಾಲ್ಕುಲೇಟರನ್ನೇ ಬೇಡುವುದಿಲ್ಲ. ದ್ರವ್ಯರಾಶಿ ಸಂಖ್ಯೆ ಎರಡೂ ಬದಿ ಸಮವಾಗಿರುವುದರಿಂದ 238, 234, 4 ಎಂಬ ಪೂರ್ಣಾಂಕಗಳನ್ನು ಹೊಡೆದುಹಾಕಿ, ದಶಮಾಂಶದ ಬಲಭಾಗವನ್ನಷ್ಟೇ ಒಂದರ ಕೆಳಗೊಂದು ಬರೆದು ಕೈಯಿಂದ ಕಳೆಯಿರಿ:

0.050788 − 0.043601 − 0.002603 = 0.004584 ಯು

ನಾಲ್ಕನೆಯದು ಗುಣಾಕಾರ: 0.004584ನ್ನು 931.5ರಿಂದ ಗುಣಿಸಿದರೆ 4.27 ಎಂಇವಿ. ದ್ರವ್ಯರಾಶಿಯನ್ನು ಕಿಲೋಗ್ರಾಂಗೆ ಬದಲಿಸಿ, ಬೆಳಕಿನ ವೇಗದ ವರ್ಗದಿಂದ ಗುಣಿಸಿ, ಜೂಲ್‌ಗೆ ತಂದು, ಮತ್ತೆ ಎಲೆಕ್ಟ್ರಾನ್ ವೋಲ್ಟ್‌ಗೆ ಹಿಂದಿರುಗುವ ಸುತ್ತುದಾರಿ ಬೇಡವೇ ಬೇಡ. ಹತ್ತರ ಘಾತಗಳನ್ನು ಮೂರು ಬಾರಿ ಹೊತ್ತು ತಿರುಗುವಲ್ಲಿ ಒಂದಾದರೂ ಜಾರುತ್ತದೆ.

ಐದನೆಯದಾಗಿ ಉತ್ತರವನ್ನು ಪರೀಕ್ಷಿಸಬೇಕು. ಭಾರವಾದ ಧಾತುಗಳ ಆಲ್ಫಾ ಕ್ಷಯದಲ್ಲಿ ಸಾಮಾನ್ಯವಾಗಿ 4ರಿಂದ 9 ಎಂಇವಿ ಬರುತ್ತದೆ. ಡ್ಯೂಟೀರಿಯಂ ಮತ್ತು ಟ್ರಿಟಿಯಂ ಬೆಸೆದಾಗ 17.6, ಯುರೇನಿಯಂ-235ರ ಒಂದು ವಿದಳನದಲ್ಲಿ ಸುಮಾರು 200. ಒಂದೇ ಕ್ಷಯಕ್ಕೆ ಸಾವಿರಗಟ್ಟಲೆ ಎಂಇವಿ ಬಂದಿದ್ದರೆ ಹಿಂದಿರುಗಿ ಎಣಿಸಿ. ಹಾಗೆಯೇ ಕ್ಯೂ ಮೌಲ್ಯವನ್ನು ಆಲ್ಫಾ ಕಣದ ಚಲನಶಕ್ತಿ ಎಂದು ಬರೆಯಬಾರದು: ಹಿಂದಕ್ಕೆ ಒದೆಯಲ್ಪಡುವ ಥೋರಿಯಂ ಕೂಡ ತನ್ನ ಪಾಲು ಪಡೆಯುತ್ತದೆ, ಆಲ್ಫಾ ಕಣಕ್ಕೆ ಸಿಗುವುದು 238ರಲ್ಲಿ 234 ಪಾಲು, ಅಂದರೆ 4.20 ಎಂಇವಿ. ಬೀಟಾ ಕ್ಷಯದಲ್ಲಿ ಶಕ್ತಿಯನ್ನು ನ್ಯೂಟ್ರಿನೊ ಅಥವಾ ಆ್ಯಂಟಿನ್ಯೂಟ್ರಿನೊ ಸಹ ಹಂಚಿಕೊಳ್ಳುವುದರಿಂದ ಕ್ಯೂ ಮೌಲ್ಯ ಬೀಟಾ ಕಣದ ಗರಿಷ್ಠ ಶಕ್ತಿಯನ್ನಷ್ಟೇ ಸೂಚಿಸುತ್ತದೆ. ಪ್ರತಿ ಬಾರಿಯೂ ಬೇರೆ ಬೇರೆಯಾಗಿ ಕಾಣುತ್ತಿದ್ದ ಬೀಟಾ ಕಣದ ಶಕ್ತಿಯನ್ನು ವಿವರಿಸಲೆಂದೇ ಭೌತವಿಜ್ಞಾನಿ ಪೌಲಿ 1930ರಲ್ಲಿ ಕಣ್ಣಿಗೆ ಬೀಳದ ಈ ಕಣವನ್ನು ಊಹಿಸಿದರು. ರೈನ್ಸ್ ಮತ್ತು ಕೋವನ್ ಅದನ್ನು ಪ್ರಯೋಗದಲ್ಲಿ ಪತ್ತೆ ಹಚ್ಚಿದ್ದು 1956ರಲ್ಲಿ.

ಉಳಿದದ್ದು ಋಣ ಉತ್ತರ. ಎಣಿಕೆ ಸರಿಯಿದ್ದೂ ಕ್ಯೂ ಋಣವಾಗಿ ಬಂದರೆ ಹೆದರಿ ಅಳಿಸಬೇಡಿ. ರುದರ್‌ಫೋರ್ಡ್ 1919ರಲ್ಲಿ ಪ್ರಕಟಿಸಿದ ಪ್ರಯೋಗದ ಹಿಂದಿನ ಕ್ರಿಯೆಯಲ್ಲಿ ನೈಟ್ರೋಜನ್-14 ಮತ್ತು ಆಲ್ಫಾ ಕಣ ಸೇರಿ ಆಕ್ಸಿಜನ್-17 ಮತ್ತು ಪ್ರೋಟಾನ್ ಆಗುತ್ತವೆ. ಎಲೆಕ್ಟ್ರಾನುಗಳು ಎಡಕ್ಕೆ 7 ಮತ್ತು 2, ಬಲಕ್ಕೆ 8 ಮತ್ತು 1. ಪ್ರೋಟಾನಿನ ಜಾಗದಲ್ಲಿ ಹೈಡ್ರೋಜನ್ ಪರಮಾಣುವನ್ನು ಇಟ್ಟರೆ ಹೊಂದುತ್ತದೆ. ಎಡಬದಿ 18.005677, ಬಲಬದಿ 18.006957, ಕ್ಯೂ −1.19 ಎಂಇವಿ. ಹಾಗೆಂದು 1.19 ಎಂಇವಿ ಶಕ್ತಿಯ ಆಲ್ಫಾ ಕಣ ಸಾಕಾಗುವುದಿಲ್ಲ. ಡಿಕ್ಕಿಯ ನಂತರವೂ ಒಟ್ಟು ಸಂವೇಗ ಉಳಿಯಬೇಕಾದ್ದರಿಂದ ಉತ್ಪನ್ನಗಳು ಚಲಿಸುತ್ತಲೇ ಇರಬೇಕು, ಅದಕ್ಕೂ ಶಕ್ತಿ ಬೇಕು. ನಿಂತ ನೈಟ್ರೋಜನ್ ಮೇಲೆ ಬೀಳುವ ಆಲ್ಫಾ ಕಣಕ್ಕೆ ಕನಿಷ್ಠ 1.53 ಎಂಇವಿ ಇರಬೇಕು, ಅಂದರೆ 1.19ರ 18/14 ಪಟ್ಟು. ರುದರ್‌ಫೋರ್ಡ್ ಬಳಸಿದ ಆಲ್ಫಾ ಕಣಗಳಿಗೆ 7 ಎಂಇವಿಗೂ ಮಿಕ್ಕ ಶಕ್ತಿಯಿತ್ತು.

ಕಣಭೌತಶಾಸ್ತ್ರಕ್ಕೆ ಕಾಲಿಟ್ಟಾಗ ಈ ಅಂತರ ಬಹಳ ದೊಡ್ಡದಾಗುತ್ತದೆ. ನಿಂತ ಪ್ರೋಟಾನಿಗೆ ಇನ್ನೊಂದು ಪ್ರೋಟಾನನ್ನು ಡಿಕ್ಕಿ ಹೊಡೆಸಿ ಒಂದು ಪ್ರೋಟಾನ್ ಮತ್ತು ಒಂದು ಆ್ಯಂಟಿಪ್ರೋಟಾನ್ (ಪ್ರೋಟಾನಿನಷ್ಟೇ ದ್ರವ್ಯರಾಶಿಯ, ಋಣ ಆವೇಶದ ಕಣ) ಹೊಸದಾಗಿ ಹುಟ್ಟಿಸಲು ದ್ರವ್ಯರಾಶಿಯ ಲೆಕ್ಕದಲ್ಲಿ ಬೇಕಾಗುವುದು ಎರಡು ಪ್ರೋಟಾನುಗಳಷ್ಟು, 938.3ರ ಎರಡು ಪಟ್ಟು, ಅಂದರೆ ಸುಮಾರು 1877 ಎಂಇವಿ. ಆದರೆ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಸಂವೇಗದ ಲೆಕ್ಕವನ್ನೂ ಸೇರಿಸಿದಾಗ ಡಿಕ್ಕಿ ಹೊಡೆಯುವ ಪ್ರೋಟಾನಿಗೆ ಅದರ ಮೂರು ಪಟ್ಟು, ಸುಮಾರು 5630 ಎಂಇವಿ ಚಲನಶಕ್ತಿ ಇರಬೇಕಾಗುತ್ತದೆ. ಬರ್ಕ್ಲಿಯ ಬೆವಟ್ರಾನ್ ಎಂಬ ಕಣವೇಗವರ್ಧಕ ಯಂತ್ರವನ್ನು ಈ ಮಿತಿಯನ್ನು ದಾಟುವಂತೆ ಕಟ್ಟಲಾಗಿತ್ತು. ಆ್ಯಂಟಿಪ್ರೋಟಾನ್ ಅಲ್ಲಿ 1955ರಲ್ಲಿ ಸಿಕ್ಕಿತು.