ಹಳೆ ಸಿಡಿ ಪ್ಲೇಯರ್: ಮೊದಲು ಎಡ ಚಾನೆಲ್ ಮಾತ್ರ

ಸಿಡಿ ಪ್ಲೇಯರ್ ಅಪ್‌ಗ್ರೇಡ್ ಮಾಡಿದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, "ಯಾವ ಆಪ್-ಆಂಪ್ ಹಾಕಿದೆ?" ಅಂತ. ಆಪ್-ಆಂಪ್ ಅಂದರೆ ಸದ್ದಿನ ಸಂಕೇತವನ್ನು ಹದ ಮಾಡಿ ಹೊರಗೆ ಕಳಿಸುವ ಚಿಕ್ಕ ಚಿಪ್. ನಮ್ಮ ಕೊಡಗಿನಲ್ಲಿ ಆ ಪ್ರಶ್ನೆ ಆಮೇಲೆ ಬರಲಿ. ಪ್ಲೇಯರ್ ಎಷ್ಟು ಮಳೆಗಾಲ ಕಂಡಿದೆ ಅಂತ ಮೊದಲು ಕೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಬೆಲ್ಟು, ಶೂ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಗಾಳಿಯಾಡಲಿ ಅಂತ ಮೇಲೆ ಕೆಳಗೆ ತೂತು ಬಿಟ್ಟಿರುವ ಪ್ಲೇಯರ್ ಒಳಗೆ ಹಿಡಿಯದೆ ಇರುತ್ತದಾ?

ನಮ್ಮ ಮನೆ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ, ಮಳೆ ಜಾಸ್ತಿ ಬೀಳುವ ಜಾಗ. ಪ್ಲೇಯರ್ ಎಂಬತ್ತರ ದಶಕದ ಕೊನೆಯದು, ಮಾವ ದುಬೈಯಿಂದ ಬರುವಾಗ ಹೊತ್ತು ತಂದಿದ್ದು. ಕೆಲವು ವರ್ಷದಿಂದ ಅದರ ದನಿ ಮಂಕಾಗಿತ್ತು. ಕೆಳಸ್ವರಕ್ಕೆ ಬಲ ಇರಲಿಲ್ಲ. ಹಾಡು ನಿಂತಾಗ ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಕೆಲವು ಡಿಸ್ಕ್ ಹಾಕಿದರೆ ಓದುವುದಕ್ಕೇ ಒದ್ದಾಡುತ್ತಿತ್ತು. ಮನೆಯಲ್ಲಿ ಎಲ್ಲರೂ ಗುಜರಿಗೆ ಹಾಕು ಅಂದರು. ನಾನು ಹಾಕದಿದ್ದಕ್ಕೆ ಕಾರಣ ಅದರೊಳಗಿನ ಒಂದು ಚಿಪ್.

ಮುಚ್ಚಳ ತೆಗೆದರೆ ಟಿಡಿಎ 1541ಎ ಅಂತ ಬರೆದಿರುವ 28 ಕಾಲಿನ ಐಸಿ ಕಾಣುತ್ತದೆ. ಫಿಲಿಪ್ಸ್ ತಯಾರಿಸಿದ್ದು, ಅಂಕಿಯನ್ನು ಸ್ವರವಾಗಿ ಬದಲಿಸುವ ಡಿಎಸಿ. ಬೇರೆ ಬೇರೆ ಹೆಸರಿನ ಎಷ್ಟೋ ಪ್ಲೇಯರ್‌ಗಳ ಒಳಗೆ ಇದೇ ಚಿಪ್ ಇದೆ. ಸಿಡಿ 1982ರಲ್ಲಿ ಮಾರುಕಟ್ಟೆಗೆ ಬಂದಾಗ ಫಿಲಿಪ್ಸ್ ಹತ್ತಿರ ಇದ್ದದ್ದು 14 ಬಿಟ್ಟಿನ ಡಿಎಸಿ. ಸಿಡಿಯಲ್ಲಿರುವುದು ಸೆಕೆಂಡಿಗೆ 44,100 ಸಲ ಅಳೆದ 16 ಬಿಟ್ಟಿನ ಅಂಕಿ. ಕೆಲವೇ ವರ್ಷದಲ್ಲಿ ಪೂರ್ತಿ 16 ಬಿಟ್ಟಿನ 1541 ಬಂತು. ಅದರ ಪಕ್ಕದಲ್ಲಿರುವ ಎಸ್‌ಎಎ 7220 ಅನ್ನುವ ಇನ್ನೊಂದು ಚಿಪ್ ಆ ಅಂಕಿಗಳನ್ನು ನಾಲ್ಕು ಪಟ್ಟು ವೇಗಕ್ಕೆ ಏರಿಸಿ ಡಿಎಸಿಗೆ ಕೊಡುತ್ತದೆ. ಈ ಜೋಡಿಯನ್ನು ಇವತ್ತಿಗೂ ಹುಡುಕಿಕೊಂಡು ಹೋಗುವವರಿದ್ದಾರೆ. ಇಂಥ ಚಿಪ್ ಇರುವ ಪ್ಲೇಯರನ್ನು ಗುಜರಿಗೆ ಹಾಕುವುದು ಅಂದರೆ ಹೇಗೆ?

ಕೆಲಸ ಶುರು ಮಾಡಿದ್ದು ಕಾಫಿ ಕೊಯ್ಲು ಮುಗಿದ ಮೇಲೆ. ಪುರುಸೊತ್ತು ಸಿಗುತ್ತದೆ, ಗಾಳಿಯೂ ಒಣಗಿರುತ್ತದೆ. ಮಳೆಗಾಲದಲ್ಲಿ ಬೋರ್ಡ್ ಬಿಚ್ಚಿಟ್ಟರೆ ಹೊಸ ಬೆಸುಗೆಯ ಪಕ್ಕದಲ್ಲೇ ತೇವ ಕೂರುತ್ತದೆ.

ಒಂದು ಎಚ್ಚರಿಕೆ. ಪವರ್ ಸ್ವಿಚ್ ಹತ್ತಿರ 230 ವೋಲ್ಟ್ ಇರುತ್ತದೆ, ಎಷ್ಟೋ ಪ್ಲೇಯರ್‌ಗಳಲ್ಲಿ ಮುಚ್ಚಳ ತೆಗೆದರೆ ಕೈಗೆ ತಗಲುವ ಹಾಗೇ ಇರುತ್ತದೆ. ಅಳತೆ ತೆಗೆಯುವಾಗ ಬಿಟ್ಟರೆ ಬೇರೆ ಯಾವಾಗಲೂ ಪ್ಲಗ್ ಗೋಡೆಯಿಂದ ಹೊರಗಿರಲಿ. ಲೇಸರ್ ಕಡೆಗೆ ಕಣ್ಣಿಟ್ಟು ನೋಡಲೇಬೇಡಿ. ಅದರ ಅಲೆ 780 ನ್ಯಾನೋಮೀಟರ್, ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಕಾಣಲಿಲ್ಲ ಅಂದರೆ ಆಫ್ ಆಗಿದೆ ಅಂತಲ್ಲ.

ಮೊದಲು ಲೆನ್ಸ್. ಟಾರ್ಚನ್ನು ಓರೆಯಾಗಿ ಹಿಡಿದಾಗ ಅದರ ಮೇಲೆ ಬಿಳಿ ಪೊರೆ ಕಂಡಿತು. ಅಂಚಿನಿಂದ ಒಳಗಡೆಗೆ ಎಳೆ ಎಳೆಯಾಗಿ ಹರಡಿದ್ದರೆ ಅದು ಧೂಳಲ್ಲ, ಬೂಷ್ಟು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್ ತಂದು, ಕಿವಿಗೆ ಹಾಕುವ ಹತ್ತಿಕಡ್ಡಿಯ ತುದಿ ಒದ್ದೆ ಮಾಡಿ, ಹೆಚ್ಚಾಗಿದ್ದನ್ನು ಒರೆಸಿ, ಲೆನ್ಸ್ ಮೇಲೆ ಸುಮ್ನೆ ತಾಗಿಸಿ ತಿರುಗಿಸಿದೆ. ಒತ್ತಬಾರದು. ಲೆನ್ಸ್ ಕೂತಿರುವುದು ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗ್ ಮೇಲೆ. ನನ್ನ ಪ್ಲೇಯರಿನಲ್ಲಿ ಲೇಸರ್ ಇರುವುದು ಗ್ರಾಮಾಫೋನಿನ ತೋಳಿನ ಹಾಗೆ ಅತ್ತಿತ್ತ ತೂಗುವ ಕೈಯಲ್ಲಿ. ಹಲ್ಲುಚಕ್ರ, ಹಳಿ ಏನೂ ಇಲ್ಲ, ಸವೆಯುವುದು ಕಡಿಮೆ. ಹಳಿ ಮೇಲೆ ಓಡುವ ಜಾತಿ ಆಗಿದ್ದರೆ ಹಳೆ ಗ್ರೀಸ್ ಒರೆಸಿ ತೆಗೆದು ಹೊಸದನ್ನು ತೆಳ್ಳಗೆ ಸವರಬೇಕು.

ಟ್ರೇ ಬೆಲ್ಟ್ ಗಟ್ಟಿಯಾಗಿತ್ತು, ಬದಲಿಸಿದೆ. ಹಿಂದುಗಡೆಯ ಆರ್‌ಸಿಎ ಸಾಕೆಟ್ ಕಪ್ಪಾಗಿದ್ದವು, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಉಜ್ಜಿದೆ. ಬೋರ್ಡಿನಿಂದ ಬೋರ್ಡಿಗೆ ಹೋಗುವ ಪ್ರತಿಯೊಂದು ಕನೆಕ್ಟರ್ ಕಿತ್ತು, ಕ್ಲೀನರ್ ಹೊಡೆದು, ಮತ್ತೆ ಕೂರಿಸಿದೆ. ಇದಕ್ಕೆ ಖರ್ಚಿಲ್ಲ. ನಮ್ಮ ಕಡೆ ಅರ್ಧ ಕಾಯಿಲೆ ಇಲ್ಲೇ ಇರುತ್ತದೆ, ತೇವಕ್ಕೆ ಪಿನ್ನುಗಳ ಮೇಲೆ ಪದರ ಕಟ್ಟಿರುತ್ತದೆ. ಇಷ್ಟು ಆದ ಮೇಲೆ ಒದ್ದಾಡುತ್ತಿದ್ದ ಡಿಸ್ಕುಗಳೆಲ್ಲ ತಕ್ಷಣ ಓದತೊಡಗಿದವು. ದನಿ ಮಾತ್ರ ಇನ್ನೂ ಮಂಕೇ.

ಇನ್ನು ಕೆಪಾಸಿಟರ್, ಅಂದರೆ ಕರೆಂಟನ್ನು ತುಂಬಿಟ್ಟುಕೊಂಡು ಬೇಕಾದಾಗ ಬಿಡುವ ಭಾಗ. ಅದರ ಅಳತೆ ಮೈಕ್ರೋಫ್ಯಾರಡ್. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ದ್ರವ ಇರುತ್ತದೆ. ವರ್ಷ ಕಳೆದಂತೆ, ಅದರಲ್ಲೂ ಬಿಸಿಗೆ, ಅದು ಒಣಗುತ್ತದೆ. ಮೇಲಿಂದ ನೋಡಿದರೆ ಚೆನ್ನಾಗಿಯೇ ಇರುತ್ತದೆ, ಉಬ್ಬಿರುವುದಿಲ್ಲ, ಸೋರಿರುವುದಿಲ್ಲ. ಒಳಗಿನ ಪ್ರತಿರೋಧ, ಅಂದರೆ ಇಎಸ್‌ಆರ್, ಮಾತ್ರ ಏರಿರುತ್ತದೆ. ಅದನ್ನು ಅಳೆಯುವ ಚಿಕ್ಕ ಟೆಸ್ಟರ್ ಈಗ ಕಡಿಮೆ ಬೆಲೆಗೆ ಸಿಗುತ್ತದೆ. ಈ ಕೆಲಸಕ್ಕೆ ಇಳಿಯುವವರು ದುಬಾರಿ ಕೇಬಲ್ ಬಿಟ್ಟು ಮೊದಲು ಇದನ್ನು ತಗೊಳ್ಳಿ. ವೋಲ್ಟೇಜನ್ನು ಒಂದೇ ಸಮ ಇಡುವ, ಬಿಸಿಯಾಗುವ ರೆಗ್ಯುಲೇಟರ್ ಹೀಟ್‌ಸಿಂಕ್ ಪಕ್ಕದಲ್ಲಿದ್ದ 100 ಮೈಕ್ರೋಫ್ಯಾರಡ್‌ನದ್ದು ಹಲವು ಓಮ್ ತೋರಿಸಿತು. ಅದೇ ಅಳತೆಯ ಹೊಸದು ಅರ್ಧ ಓಮ್ ಕೂಡ ತೋರಿಸಲಿಲ್ಲ. ದೂರದಲ್ಲಿ ತಣ್ಣಗೆ ಕೂತಿದ್ದವು ಪರವಾಗಿಲ್ಲ ಅನ್ನುವ ಹಾಗಿದ್ದವು. ಹತ್ತು ಡಿಗ್ರಿ ಬಿಸಿ ಕಡಿಮೆಯಾದರೆ ಇವುಗಳ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ ಅನ್ನುವ ಲೆಕ್ಕ ಅಲ್ಲಿ ಕಣ್ಣೆದುರೇ ಇತ್ತು.

ಪವರ್ ಸಪ್ಲೈ ಭಾಗದ್ದನ್ನೆಲ್ಲ ಬದಲಿಸಿದೆ. 105 ಡಿಗ್ರಿ ಅಂತ ಬರೆದಿರುವುದನ್ನೇ ತರಿಸಿದೆ. ಮೈಕ್ರೋಫ್ಯಾರಡ್ ಮೊದಲಿದ್ದಷ್ಟೇ, ವೋಲ್ಟ್ ಅಷ್ಟೇ ಅಥವಾ ಒಂದು ಮೆಟ್ಟಿಲು ಮೇಲೆ. ದೊಡ್ಡದು ಹಾಕಿದರೆ ಬೇಸ್ ಜಾಸ್ತಿ ಬರುತ್ತದೆ ಅಂತ 2,200 ಇದ್ದ ಕಡೆ 10,000 ಹಾಕುವವರಿದ್ದಾರೆ. ಬೇಡ. ಸ್ವಿಚ್ ಹಾಕಿದ ಗಳಿಗೆಯಲ್ಲಿ ಅದನ್ನು ತುಂಬಿಸುವ ಕರೆಂಟೆಲ್ಲ ಡಯೋಡುಗಳ ಮೂಲಕವೇ ಹೋಗಬೇಕು, ಅವು ತಡೆಯದೆ ಹೋಗಬಹುದು. ಒಂದೊಂದಾಗಿ ಕಿತ್ತು, ಪ್ಲಸ್ ಮೈನಸ್ ನೋಡಿ, ಅಲ್ಲೇ ಹೊಸದು ಕೂರಿಸಿ ಮುಂದಿನದಕ್ಕೆ ಹೋಗಬೇಕು. ಎಲ್ಲವನ್ನೂ ಒಟ್ಟಿಗೆ ಕೀಳಬಾರದು. ಮುಗಿದ ಮೇಲೆ ಡಿಎಸಿಗೆ ಹೋಗುವ ಮೂರು ವೋಲ್ಟೇಜ್ ಅಳೆದೆ: ಪ್ಲಸ್ 5, ಮೈನಸ್ 5, ಮೈನಸ್ 15. ಮೂರೂ ಸರಿಯಾಗಿದ್ದವು. ಗುಂಯ್ ಅನ್ನುವ ಸದ್ದು ಅವತ್ತೇ ಹೋಯಿತು.

1541ಎ ಸುತ್ತ 0.1 ಮೈಕ್ರೋಫ್ಯಾರಡ್‌ನ 14 ಚಿಕ್ಕ ಕೆಪಾಸಿಟರ್ ಇರುತ್ತವೆ, ಒಂದೊಂದು ಕಾಲಿಗೆ ಒಂದೊಂದು. ಅವನ್ನೂ ಬದಲಿಸು ಅಂತ ಮಡಿಕೇರಿಯ ಗೆಳೆಯನೊಬ್ಬ ಒತ್ತಾಯ ಮಾಡಿದ. ನನ್ನದರಲ್ಲಿ ಇದ್ದದ್ದು ಫಿಲ್ಮ್ ಜಾತಿಯವು. ಅವು ಪ್ಲಾಸ್ಟಿಕ್ ಪದರದವು, ಒಳಗೆ ದ್ರವ ಇಲ್ಲ, ಒಣಗುವಂಥವಲ್ಲ. ಹಾಳಾಗದ್ದನ್ನು ಕೀಳುವುದಕ್ಕೆ ಹೋದರೆ ಹಳೆ ಬೋರ್ಡಿನ ತಾಮ್ರದ ಪಟ್ಟಿ ಎದ್ದು ಬರುತ್ತದೆ. ಹಾಗೇ ಬಿಟ್ಟೆ.

ಇಲ್ಲಿವರೆಗೆ ಮಾಡಿದ್ದೆಲ್ಲ ರಿಪೇರಿ. ಅಪ್‌ಗ್ರೇಡ್ ಅನ್ನಬಹುದಾದ್ದು ಇನ್ನು ಮುಂದಿನದು. ಅಲ್ಲೇ ನಾನು ಸ್ವಲ್ಪ ಬುದ್ಧಿ ಓಡಿಸಿದೆ. ಎರಡೂ ಚಾನೆಲ್ ಒಟ್ಟಿಗೆ ಬದಲಿಸಿದರೆ ಹಳೆಯದು ಹೇಗಿತ್ತು ಅಂತ ನೆನಪಿನಲ್ಲೇ ಹೋಲಿಸಬೇಕು. ಕಿವಿಯ ನೆನಪನ್ನು ನಂಬುವ ಹಾಗಿಲ್ಲ. ದುಡ್ಡು ಖರ್ಚು ಮಾಡಿದ ಮೇಲಂತೂ ನಂಬಲೇಬಾರದು. ಅದಕ್ಕೆ ಎಡ ಚಾನೆಲ್ ಮಾತ್ರ ಬದಲಿಸಿ ಬಲವನ್ನು ಮೊದಲಿದ್ದ ಹಾಗೇ ಬಿಟ್ಟೆ.

ಎಡದಲ್ಲಿ ಎರಡು ಬದಲಾವಣೆ. ಡಿಎಸಿಯಿಂದ ಹೊರಬರುವುದು ಕರೆಂಟ್, ಅದನ್ನು ವೋಲ್ಟೇಜ್ ಮಾಡಿ ಕೊಡುವುದು ಆಪ್-ಆಂಪ್. ಅಲ್ಲಿದ್ದ ಎನ್‌ಇ 5532 ಕಿತ್ತು 8 ಕಾಲಿನ ಸಾಕೆಟ್ ಹಾಕಿ, ಎಲ್‌ಎಂ 4562 ಕೂರಿಸಿದೆ. ಬೋರ್ಡಿನ ಕೆಳಗಡೆ ಪವರ್ ಕಾಲುಗಳಿಗೆ ಅಂಟಿಕೊಂಡ ಹಾಗೆ 0.1 ಮೈಕ್ರೋಫ್ಯಾರಡ್ ಹಾಕಿದೆ. ವೇಗದ ಆಪ್-ಆಂಪ್‌ಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಕಿವಿಗೆ ಕೇಳದಷ್ಟು ಮೇಲಿನ ಸ್ವರದಲ್ಲಿ ತಾನೇ ಹಾಡಿಕೊಂಡು ಬಿಸಿಯಾಗುತ್ತದೆ. ಇನ್ನೊಂದು, ಔಟ್‌ಪುಟ್ಟಿನಲ್ಲಿದ್ದ ಎಲೆಕ್ಟ್ರೋಲಿಟಿಕ್ ತೆಗೆದು 4.7 ಮೈಕ್ರೋಫ್ಯಾರಡ್‌ನ ಫಿಲ್ಮ್ ಕೆಪಾಸಿಟರ್ ಹಾಕಿದೆ. ಅಷ್ಟು ಚಿಕ್ಕದು ಹಾಕಿದರೆ ಬೇಸ್ ಹೋಗಲ್ವಾ ಅಂತ ಅನಿಸಬಹುದು. ನನ್ನ ಆಂಪ್ಲಿಫೈಯರಿನ ಇನ್‌ಪುಟ್ 47 ಕಿಲೋ ಓಮ್. ಲೆಕ್ಕ ಹಾಕಿದರೆ ಕಡಿತ ಶುರುವಾಗುವುದು 0.7 ಹರ್ಟ್ಸ್ ಹತ್ತಿರ. ಮನುಷ್ಯರ ಕಿವಿಗೆ 20 ಹರ್ಟ್ಸ್‌ಗಿಂತ ಕೆಳಗೆ ಕೇಳುವುದಿಲ್ಲ. ಸಾಕಷ್ಟು ಜಾಗ ಇದೆ.

ಆಪ್-ಆಂಪ್ ಕೊಳ್ಳುವಾಗ ನಕಲಿ ಬಗ್ಗೆ ಹುಷಾರು. ಅರ್ಧ ಬೆಲೆಗೆ ಸಿಕ್ಕಿತು ಅಂದರೆ ಮೇಲಿನ ಅಕ್ಷರ ಅಳಿಸಿ ಮತ್ತೆ ಬರೆದಿರುವ ಸಾಧ್ಯತೆ ಇದೆ. ಬೆಲ್ಟು, ಸಾಕೆಟ್ಟು, ಬೆಸುಗೆ ತಂತಿ ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದೆ. ಐಸಿ ಮತ್ತು ಕೆಪಾಸಿಟರ್ ಮಾತ್ರ ತಯಾರಕರ ಅಧಿಕೃತ ವಿತರಕರಿಂದಲೇ ತರಿಸಿದೆ.

ಹೋಲಿಸಲು ಮೊನೊ ರೆಕಾರ್ಡಿಂಗ್ ಬೇಕು, ಎಡ ಬಲ ಎರಡರಲ್ಲೂ ಒಂದೇ ಸದ್ದು ಇರುವಂಥದ್ದು. ಕನ್ನಡದವರಿಗೆ ಅದಕ್ಕೇನು ಕೊರತೆ? ಪಿ.ಬಿ. ಶ್ರೀನಿವಾಸ್ ಹಾಡಿದ ಅರವತ್ತರ ದಶಕದ ಚಿತ್ರಗೀತೆಗಳ ಸಿಡಿ ತೆಗೆದೆ. ಒಂದೇ ಸ್ಪೀಕರ್, ಆಂಪ್ಲಿಫೈಯರಿನ ಒಂದೇ ಚಾನೆಲ್. ಪ್ಲೇಯರಿನ ಎಡ ಔಟ್‌ಪುಟ್ ಒಮ್ಮೆ, ಬಲ ಒಮ್ಮೆ ಅದಕ್ಕೇ ಚುಚ್ಚುವುದು. ಎರಡೂ ಕಡೆ ಸದ್ದು ಒಂದೇ ಮಟ್ಟದಲ್ಲಿದೆ ಅಂತ ಮೊದಲು ಖಾತ್ರಿ ಮಾಡಿಕೊಂಡೆ, ಯಾಕಂದರೆ ಚೂರು ಜೋರಾಗಿರುವುದೇ ಯಾವಾಗಲೂ ಚೆನ್ನಾಗಿದೆ ಅನಿಸುತ್ತದೆ. ಕಂಪ್ಯೂಟರಿನಲ್ಲಿ 400 ಹರ್ಟ್ಸ್‌ನ ಸ್ವರ ಸಿಡಿ-ಆರ್‌ಗೆ ಬರೆದು ಮಲ್ಟಿಮೀಟರಿನಲ್ಲಿ ಅಳೆದರೆ ಆಯಿತು. ಪೂರ್ತಿ ಮಟ್ಟದ ಸ್ವರಕ್ಕೆ ಸುಮಾರು 2 ವೋಲ್ಟ್ ಬರಬೇಕು, ಎರಡೂ ಕಡೆ ಬಂತು. ಸಿಡಿ-ಆರ್‌ಡಬ್ಲ್ಯೂ ಬಳಸಬೇಡಿ, ಅದರ ಹೊಳಪು ಕಡಿಮೆ, ಇಂಥ ಹಳೆ ಪ್ಲೇಯರ್ ಓದುವುದಿಲ್ಲ.

ಕೇಳಲು ಮಗಳನ್ನು ಕೂರಿಸಿದೆ. ಯಾವುದು ಹೊಸದು ಅಂತ ಹೇಳಲಿಲ್ಲ. ಕೇಬಲ್ ಬದಲಿಸುವಾಗ ಅವಳು ಕಿಟಕಿ ಕಡೆ ಮುಖ ಮಾಡಿಕೊಂಡಿದ್ದಳು.

"ಅಪ್ಪ, ಇದರಲ್ಲಿ ಹಾಡು ಮುಗಿಯೋವಾಗ ಪಿಟೀಲು ಇನ್ನೂ ಸ್ವಲ್ಪ ಹೊತ್ತು ಕೇಳುತ್ತೆ" ಅಂದಳು.

ಅದು ಎಡ. ಮತ್ತೆ ಬದಲಿಸಿದಾಗಲೂ ಅದನ್ನೇ ಹಿಡಿದಳು. ಆಮೇಲೆ ಎಡದಲ್ಲಿ ಹೊಸ ಕೆಪಾಸಿಟರ್ ಹಾಗೇ ಬಿಟ್ಟು, ಸಾಕೆಟ್ಟಿಗೆ ಹಳೆ 5532 ಮಾತ್ರ ವಾಪಸ್ ಹಾಕಿದೆ. ಆಗಲೂ ಅವಳು ಎಡವನ್ನೇ ಆರಿಸಿದಳು. ಅಂದರೆ ಕೆಲಸ ಮಾಡಿದ್ದು ಬಹುಪಾಲು ಕೆಪಾಸಿಟರ್. ಎಲ್ಲರೂ ಮೊದಲು ಕೇಳುವ ಆಪ್-ಆಂಪ್ ಮಾಡಿದ ವ್ಯತ್ಯಾಸ ತೀರಾ ಸಣ್ಣದು. 5532 ಬಡಪಾಯಿ ಐಸಿ ಏನಲ್ಲ. ಎಷ್ಟೋ ಸ್ಟುಡಿಯೋ ಮಿಕ್ಸರ್‌ಗಳ ಒಳಗೆ ಅದೇ ಇದೆ, ನಾವು ಕೇಳುವ ಹಾಡು ಮೊದಲೇ ಅದರ ಮೂಲಕ ಹಾದು ಬಂದಿರುತ್ತದೆ. ಸಾಕೆಟ್ ಹೇಗೂ ಇದೆಯಲ್ಲ ಅಂತ 4562 ಅನ್ನೇ ಉಳಿಸಿಕೊಂಡು ಬಲಕ್ಕೂ ಅದನ್ನೇ ಮಾಡಿದೆ.

ಎರಡೂ ಕಡೆ ಮುಗಿದ ಮೇಲೆ ನಾನು ಹಾಕಿದ್ದು ದುಡಿ ಇರುವ ಕೊಡವ ಹಾಡಿನ ಡಿಸ್ಕ್. ದುಡಿಯ ಸದ್ದನ್ನು ಪುತ್ತರಿ ಹಬ್ಬದಲ್ಲಿ ಹತ್ತಿರದಿಂದ ಕೇಳಿ ಕಿವಿಗೆ ಚೆನ್ನಾಗಿ ಗೊತ್ತಿರುತ್ತದೆ. ಮೊದಲು ಬರೀ ಟಪ್ ಅಂತ ಕೇಳುತ್ತಿದ್ದದ್ದು ಈಗ ಕೋಲು ಚರ್ಮಕ್ಕೆ ತಾಗುವುದು, ಆಮೇಲೆ ದನಿ ಬಾಗುವುದು ಅಂತ ಬೇರೆ ಬೇರೆಯಾಗಿ ಕೇಳಿಸಿತು.

ಮಾಡದೆ ಬಿಟ್ಟದ್ದೂ ಇದೆ. ಪ್ಲೇಯರಿಗೆ ತಾಳ ಕೊಡುವ ಕ್ರಿಸ್ಟಲ್ ತೆಗೆದು ದುಬಾರಿ ಕ್ಲಾಕ್ ಬೋರ್ಡ್ ಹಾಕಲಿಲ್ಲ. ಔಟ್‌ಪುಟ್ಟಿನ ಮ್ಯೂಟ್ ಟ್ರಾನ್ಸಿಸ್ಟರ್ ಕಿತ್ತರೆ ದನಿ ತಿಳಿಯಾಗುತ್ತದೆ ಅನ್ನುತ್ತಾರೆ, ಅದನ್ನೂ ಮುಟ್ಟಲಿಲ್ಲ. ಆನ್ ಆಫ್ ಮಾಡುವಾಗ ಬರುವ ಧಡ್ ಅನ್ನುವ ಹೊಡೆತ ಸ್ಪೀಕರಿಗೆ ಹೋಗದಂತೆ ತಡೆಯುವುದು ಅದೇ. ನಮ್ಮಲ್ಲಿ ಕರೆಂಟು ಹೋಗಿ ಬರುವ ಲೆಕ್ಕ ನೋಡಿದರೆ ಅದು ಇರಲೇಬೇಕು.

ಕರೆಂಟಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಮನೆ ನಡೆಯುವುದು ಇನ್ವರ್ಟರಿನ ಮೇಲೆ. ಕಡಿಮೆ ಬೆಲೆಯ ಇನ್ವರ್ಟರ್ ಕೊಡುವುದು ಚೌಕಾಕಾರದ ಅಲೆ. ಅದಕ್ಕೆ ಪ್ಲೇಯರಿನ ಟ್ರಾನ್ಸ್‌ಫಾರ್ಮರ್ ಬುರ್ ಅಂತ ಗುನುಗುತ್ತದೆ. ಸೈನ್ ವೇವ್ ಇನ್ವರ್ಟರ್ ಇಲ್ಲದಿದ್ದರೆ ಆ ಹೊತ್ತಿಗೆ ಹಾಡು ಬೇಡ. ಜುಲೈನಲ್ಲಿ ಶೀಟಿನ ಮೇಲೆ ಬೀಳುವ ಮಳೆ ಸದ್ದಿನಲ್ಲಿ ಹೈ-ಫೈ ಕೇಳುವುದಾದರೂ ಹೇಗೆ, ಅಲ್ವಾ? ಆದರೂ ಮಳೆಗಾಲದಲ್ಲಿ ದಿನಾ ಅರ್ಧ ಗಂಟೆ ಪ್ಲೇಯರ್ ಆನ್ ಮಾಡಿಡುತ್ತೇನೆ. ಒಳಗಿನ ಬಿಸಿಗೆ ತೇವ ಆರುತ್ತದೆ, ಲೆನ್ಸಿಗೆ ಬೂಷ್ಟು ಕೂರುವುದಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ, ಹೊರಗಿನ ಒಂದು ಡಿಎಸಿ ತಗೊಂಡರೆ ಮುಗಿಯಿತಲ್ಲ ಅಂತ ಕೇಳುವವರಿಗೆ: ನಿಮ್ಮ ಪ್ಲೇಯರಿನ ಹಿಂದೆ ಡಿಜಿಟಲ್ ಔಟ್ ಇದ್ದು, ಒಳಗಿನ ಡಿಎಸಿ ಸಾಧಾರಣದ್ದಾಗಿದ್ದರೆ ಹಾಗೇ ಮಾಡಿ. 75 ಓಮ್‌ನ ಕೇಬಲ್ ಹಾಕಿದರೆ ಸಾಕು, ಬೆಸುಗೆಯೇ ಬೇಡ. ಒಳಗೆ 1541ಎ ಇದ್ದರೆ ಮಾತ್ರ ಮೊದಲು ಕೆಪಾಸಿಟರ್ ಬದಲಿಸಿ ಕೇಳಿ, ಆಮೇಲೆ ಯೋಚಿಸಿ. ಎರಡು ದಾರಿಯಲ್ಲೂ ಲೇಸರ್ ಸತ್ತರೆ ಎಲ್ಲ ನಿಂತಂತೆ. ತೂಗುವ ಕೈಯ ಆ ಮೆಕ್ಯಾನಿಸಮ್ ಈಗ ಹೊಸದಾಗಿ ತಯಾರಾಗುವುದಿಲ್ಲ. ಅದಕ್ಕೇ ನಾನೀಗ ಅದೇ ಮೆಕ್ಯಾನಿಸಮ್ ಇರುವ, ಬೇರೇನೋ ಕೆಟ್ಟು ಮೂಲೆಗೆ ಬಿದ್ದಿರುವ ಇನ್ನೊಂದು ಪ್ಲೇಯರ್ ಹುಡುಕುತ್ತಿದ್ದೇನೆ. ಕುಶಾಲನಗರ, ವಿರಾಜಪೇಟೆಯ ರಿಪೇರಿ ಅಂಗಡಿಗಳಲ್ಲಿ ಹೇಳಿಟ್ಟಿದ್ದೇನೆ.